ಕಪ್ಪೆಬೀದಿಯ ಅಂಗಡಿ

ವಾಣಿಜ್ಯದ ವಿದ್ಯಾರ್ಥಿಗಳು ವಿದೇಶ ಪ್ರವಾಸ ಹೊರಟರೆ ಅವರೊಡನೆ ಕನ್ನಡದ ಅಧ್ಯಾಪಕನಿಗೆ ಏನು ಕೆಲಸ ಎಂದು ವಾಚಕರು ಕೇಳಬಹುದು. ನನ್ನ ಮನೆಯಾಕೆಯೂ ಅದನ್ನೇ ಕೇಳಿದಳು. ಸಂಗತಿ ಇಷ್ಟೆ: ನಮ್ಮ ಕಾಲೇಜಿನ ಹದಿನಾರು ವಿದ್ಯಾರ್ಥಿಗಳು 2025ರ ಜೂನ್ ತಿಂಗಳಲ್ಲಿ ಹತ್ತು ದಿನಗಳ ಅಧ್ಯಯನಕ್ಕೆಂದು ಇಂಗ್ಲೆಂಡಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಜೊತೆಗೆ ಹೋಗಬೇಕಾಗಿದ್ದ ಇಬ್ಬರು ಅಧ್ಯಾಪಕರಲ್ಲಿ ಒಬ್ಬರ ಮಗಳ ಮದುವೆ ಅದೇ ವಾರಕ್ಕೆ ಗೊತ್ತಾಯಿತು. ಪಾಸ್‌ಪೋರ್ಟು ಸಿದ್ಧವಾಗಿದ್ದು, ಉತ್ತರಪತ್ರಿಕೆಗಳ ಹೊರೆಯಿಲ್ಲದೆ ಕುಳಿತಿದ್ದವನು ಸಿಬ್ಬಂದಿ ಕೊಠಡಿಯಲ್ಲಿ ನಾನೊಬ್ಬನೇ. ಹೀಗೆ ಹಳಗನ್ನಡ ಪಾಠ ಹೇಳುವವನು ಲಾಭ-ನಷ್ಟದ ಯಾತ್ರೆಗೆ ಕಾವಲುಗಾರನಾದೆ.

ಹದಿನಾರು ಮಂದಿಯಲ್ಲಿ ಹತ್ತು ಜನ ವ್ಯವಹಾರ ನಿರ್ವಹಣೆ ಓದುವವರು. ಉಳಿದ ಆರು ಜನ ಸೇವಾಸಂಸ್ಥೆಗಳ ನಿರ್ವಹಣೆ ಓದುವವರು. ವಿಮಾನವೇರುವ ಮೊದಲೇ ಇವರೊಳಗೆ ಎರಡು ಪಂಗಡಗಳಾಗಿದ್ದವು. ನನ್ನ ಮನಸ್ಸಿನಲ್ಲಿಯೇ ಒಂದಕ್ಕೆ 'ಲಾಭದವರು' ಎಂದೂ ಇನ್ನೊಂದಕ್ಕೆ 'ಧರ್ಮದವರು' ಎಂದೂ ಹೆಸರಿಟ್ಟುಕೊಂಡೆ. ಲಾಭವಿಲ್ಲದೆ ಯಾವ ಸಂಸ್ಥೆಯೂ ನಿಲ್ಲದು ಎಂದು ಮೊದಲಿನವರು. ಲಾಭ ಹೊಕ್ಕ ಕಡೆ ಸೇವೆ ಉಳಿಯದು ಎಂದು ಎರಡನೆಯವರು. ಬೆಂಗಳೂರಿನಿಂದ ಮ್ಯಾಂಚೆಸ್ಟರಿನವರೆಗೆ ಈ ವಾದ ಮುಗಿಯಲಿಲ್ಲ.

ಮ್ಯಾಂಚೆಸ್ಟರಿನಲ್ಲಿ ಮೊದಲ ಮೂರು ದಿನ ಉಪನ್ಯಾಸಗಳು, ಭೇಟಿಗಳು. ಕೆಂಪು ಇಟ್ಟಿಗೆಯ ಕಟ್ಟಡಗಳು, ಕಾಲುವೆಗಳು, ಜೂನ್ ತಿಂಗಳಲ್ಲಿಯೂ ಸ್ವೆಟರು ತೊಡಿಸುವ ಗಾಳಿ. ಹಳೆಯ ಬಟ್ಟೆ, ಹಳೆಯ ಪುಸ್ತಕ, ಚಹದ ಬಟ್ಟಲುಗಳನ್ನು ಮಾರುವ ಧರ್ಮದ ಅಂಗಡಿಗಳನ್ನು ಅಲ್ಲಿ ಬೀದಿಬೀದಿಯಲ್ಲಿ ಕಂಡೆವು. ಜನ ದಾನ ಕೊಟ್ಟ ವಸ್ತುಗಳನ್ನು ಮಾರಿ, ಬಂದ ಹಣವನ್ನು ಸೇವೆಗೆ ಬಳಸುವ ಏರ್ಪಾಡು ಅದು. ಬೆಲೆಚೀಟಿ ಅಂಟಿಸಿ ಸೇವೆ ನಡೆಸುವ ಈ ಕ್ರಮವನ್ನು ಕಂಡು ಧರ್ಮದವರು ಸ್ವಲ್ಪ ಮೆತ್ತಗಾದರು. ಆದರೂ ಆ ಹತ್ತು ದಿನಗಳ ಸಾರವೆಲ್ಲ ನನಗೆ ದೊರೆತದ್ದು ಮ್ಯಾಂಚೆಸ್ಟರಿನಲ್ಲಿ ಅಲ್ಲ. ಅದಕ್ಕೆ ಈಶಾನ್ಯದಲ್ಲಿರುವ ರಾಚ್‌ಡೇಲ್ ಎಂಬ ಊರಿನಲ್ಲಿ.

ನಾಲ್ಕನೆಯ ದಿನ ಬೆಳಗ್ಗೆ ಟ್ರಾಮು ಹತ್ತಿದೆವು. ಓಲ್ಡ್‌ಹ್ಯಾಮ್ ಎಂಬ ಊರನ್ನು ಹಾದು ಹೋಗುವ ದಾರಿ. ಒಂದು ಕಾಲಕ್ಕೆ ಜಗತ್ತಿಗೆಲ್ಲ ಬಟ್ಟೆ ತೊಡಿಸುತ್ತೇವೆಂದು ಮೆರೆದ ಸೀಮೆ ಅದು. ಕಿಟಕಿಯಾಚೆ ಅಲ್ಲೊಂದು ಇಲ್ಲೊಂದು ಹಳೆಯ ಗಿರಣಿ. ಅದರ ಹಿಂದೆ ಪೆನೈನ್ ಬೆಟ್ಟಗಳ ಹಸಿರು ಸಾಲು. ನನ್ನ ಪಕ್ಕದಲ್ಲಿ ಕುಳಿತಿದ್ದ ಗದಗದ ಹುಡುಗಿ, ಆಕೆ ಧರ್ಮದವರ ಪೈಕಿ, ಹೊರಗೆ ನೋಡುತ್ತ, "ಸರ್ರ, ನಮ್ಮ ಕಡೀ ಹತ್ತಿ ಇಲ್ಲಿಗೇ ಬರ್ತಿತ್ತೇನ್ರೀ?" ಎಂದು ಕೇಳಿದಳು. ಬರುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ ಈ ಗಿರಣಿಗಳು ಉಪವಾಸ ಬಿದ್ದವು. ಆಗ ಲ್ಯಾಂಕಾಷೈರಿನ ವರ್ತಕರ ಕಣ್ಣು ಧಾರವಾಡದ ಕಪ್ಪುನೆಲದ ಹತ್ತಿಯ ಮೇಲೆ ಬಿದ್ದಿತು. ಅದನ್ನು ಸಾಗಿಸಲು ಕಾರವಾರದ ಬಂದರಿನ ಮಾತೂ ಎದ್ದಿತು. ನಮ್ಮ ಹತ್ತಿ ಇಲ್ಲಿ ಬಟ್ಟೆಯಾಗಿ, ಅದೇ ಬಟ್ಟೆ ನಮ್ಮ ನೇಕಾರನ ಮಗ್ಗವನ್ನು ನಿಲ್ಲಿಸಿದ ಕಥೆ ನಮಗೆ ಗೊತ್ತು. ಇಲ್ಲಿನ ಕೈಮಗ್ಗದ ನೇಕಾರನನ್ನೂ ಅದೇ ಯಂತ್ರ ಹಸಿವಿಗೆ ತಳ್ಳಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ರಾಚ್‌ಡೇಲಿನಲ್ಲಿ ಇಳಿದೊಡನೆ ಎದುರಾಗುವುದು ಪುರಭವನ. 1871ರಲ್ಲಿ ತೆರೆದ, ಗಾಥಿಕ್ ಶೈಲಿಯ ಭವ್ಯ ಕಟ್ಟಡ. ದುರಸ್ತಿ ಮುಗಿದು 2024ರಲ್ಲಿ ಮತ್ತೆ ಬಾಗಿಲು ತೆರೆದಿತ್ತು. ಹುಡುಗರು ಅದರ ಮುಂದೆ ನಿಂತು ಚಿತ್ರಗಳನ್ನು ತೆಗೆದುಕೊಂಡರು. ನಾವು ನೋಡಬೇಕಾಗಿದ್ದುದು ಮಾತ್ರ ಆ ವೈಭವವಲ್ಲ. ಅಲ್ಲಿಂದ ತುಸು ದೂರ ನಡೆದರೆ ಕಲ್ಲು ಹಾಸಿದ ಕಿರಿದಾದ ಬೀದಿಯೊಂದು ಸಿಗುತ್ತದೆ. ಅದರ ಹೆಸರು ಟೋಡ್ ಲೇನ್, ಎಂದರೆ ಕಪ್ಪೆಬೀದಿ! 'ಹಳೆಯ ಬೀದಿ' ಎಂಬ ಅರ್ಥದ ಮಾತು ಊರವರ ನಾಲಿಗೆಯಲ್ಲಿ ಸವೆದು ಸವೆದು ಕಪ್ಪೆಯಾಯಿತೆಂದು ಹೇಳುತ್ತಾರೆ. ಭಾಷೆಯ ಅಧ್ಯಾಪಕನಿಗೆ ಇಷ್ಟು ಸಿಕ್ಕಿದರೆ ಸಾಕು. ಪ್ರವಾಸದಲ್ಲಿ ಅಲ್ಲಿಯವರೆಗೆ ನನಗೆ ಹೇಳಲು ದೊರೆತ ಪಾಠ ಇದೊಂದೇ.

ಆ ಬೀದಿಯ 31ನೆಯ ನಂಬರಿನ ಕಟ್ಟಡ ಈಗ ಒಂದು ಸಂಗ್ರಹಾಲಯ. 1931ರಲ್ಲಿ ಅದನ್ನು ಸಂಗ್ರಹಾಲಯವಾಗಿ ತೆರೆದರು. ಒಳಗೆ ಹೋದರೆ ಹಳೆಯ ಅಂಗಡಿಯೊಂದನ್ನು ಮೊದಲಿದ್ದಂತೆಯೇ ಇಟ್ಟಿದ್ದಾರೆ: ಪೀಪಾಯಿಗಳ ಮೇಲೆ ಅಡ್ಡಹಾಕಿದ ಹಲಗೆ, ಒಂದು ತಕ್ಕಡಿ, ಹಿಟ್ಟಿನ ಚೀಲ, ಬರಿಯ ಗೋಡೆ. ನಮ್ಮ ಹಳ್ಳಿಯ ಶೆಟ್ಟರ ಅಂಗಡಿಯೂ ಇದಕ್ಕಿಂತ ತುಂಬಿಕೊಂಡಿರುತ್ತದೆ. "ಇದನ್ನು ನೋಡಲು ಇಷ್ಟು ದೂರ ಬಂದೆವೆ?" ಎಂದು ಲಾಭದವರಲ್ಲೊಬ್ಬ ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ಅಂಗಡಿಯ ಕಥೆಯನ್ನು ಅಲ್ಲಿನ ಒಬ್ಬ ವೃದ್ಧೆ ನಮಗೆ ಹೇಳಿದರು. 1844ರಲ್ಲಿ ಈ ಊರಿನ ನೇಕಾರರೂ ಇತರ ಕಸುಬುದಾರರೂ ಸೇರಿ 28 ಮಂದಿ ಒಂದು ಸಂಘ ಕಟ್ಟಿದರು. ಕೂಲಿ ಸಾಲದು, ಅಂಗಡಿಯವನ ಉದ್ದರಿ ತೀರದು, ತಂದ ಹಿಟ್ಟಿನಲ್ಲಿ ಸೀಮೆಸುಣ್ಣ, ಚಹದಲ್ಲಿ ಒಮ್ಮೆ ಕುದಿಸಿದ ಎಲೆ. ವಾರಕ್ಕೆ ಎರಡು ಮೂರು ಪೆನ್ನಿಗಳಂತೆ ಕೂಡಿಟ್ಟು ತಲೆಗೊಂದು ಪೌಂಡಿನ ಲೆಕ್ಕದಲ್ಲಿ 28 ಪೌಂಡು ಬಂಡವಾಳ ಮಾಡಿದರು. ವರ್ಷಕ್ಕೆ 10 ಪೌಂಡು ಬಾಡಿಗೆಗೆ ಈ ಮಳಿಗೆ ಹಿಡಿದರು. ಡಿಸೆಂಬರ್ 21ರ ರಾತ್ರಿ ಎಂಟು ಗಂಟೆಗೆ, ವರ್ಷದ ಅತಿ ದೀರ್ಘ ರಾತ್ರಿಗಳಲ್ಲೊಂದರಲ್ಲಿ, ಬಾಗಿಲ ಹಲಗೆಗಳನ್ನು ತೆಗೆದರು. ಒಳಗಿದ್ದ ಸರಕು ಒಂದಿಷ್ಟು ಹಿಟ್ಟು, ಓಟ್ಸ್, ಸಕ್ಕರೆ, ಬೆಣ್ಣೆ, ಕೆಲವು ಮೇಣದ ಬತ್ತಿ. ಬೀದಿಯ ಪೋಕರಿ ಹುಡುಗರು ಗುಂಪುಗೂಡಿ ಗೇಲಿ ಮಾಡಿದರಂತೆ.

ಗೇಲಿ ಹೆಚ್ಚು ಕಾಲ ಉಳಿಯಲಿಲ್ಲ. ಅವರು ಹಾಕಿಕೊಂಡ ಕಟ್ಟಳೆಗಳು ಸರಳವಾಗಿದ್ದವು. ಕಲಬೆರಕೆಯಿಲ್ಲ; ತೂಕದಲ್ಲಿ ಮೋಸವಿಲ್ಲ; ಉದ್ದರಿಯಿಲ್ಲ. ಒಬ್ಬ ಸದಸ್ಯನಿಗೆ ಒಂದೇ ಮತ. ನೂರು ಪಾಲು ಕೊಂಡರೂ ಒಂದೇ ಮತ. ಹೂಡಿದ ಹಣಕ್ಕೆ ಮಿತವಾದ ಬಡ್ಡಿ. ಉಳಿದ ಲಾಭವನ್ನು ಯಾರು ಎಷ್ಟು ಸಾಮಾನು ಕೊಂಡರೋ ಆ ಪ್ರಮಾಣದಲ್ಲಿ ಅವರಿಗೇ ಹಿಂದಿರುಗಿಸುವುದು. ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳುವುದೇ ಕಷ್ಟವಾಗಿದ್ದ ಕಾಲದಲ್ಲಿ ಹೆಂಗಸರಿಗೂ ಸದಸ್ಯತ್ವ. ಮುಂದೆ ಲಾಭದಲ್ಲಿ ಒಂದು ಭಾಗ ಓದಿಗೆ, ಪುಸ್ತಕ ಭಂಡಾರಕ್ಕೆ. ಇಂದು ಜಗತ್ತಿನ ಸಹಕಾರ ಸಂಘಗಳೆಲ್ಲ ಒಪ್ಪಿರುವ ತತ್ವಗಳ ಬೇರು ಇಲ್ಲಿದೆ.

"ಹಾಗಾದರೆ ಇದು ಲಾಭದ ಅಂಗಡಿಯೋ ಧರ್ಮದ ಅಂಗಡಿಯೋ?" ಎಂದು ನಾನು ಹುಡುಗರನ್ನು ಕೇಳಿದೆ. ಎರಡು ಪಂಗಡದವರೂ ಅದು ತಮ್ಮದೆಂದರು! ಗದಗದ ಹುಡುಗಿ ಮಾತ್ರ, "ನಮ್ಮೂರ ಹತ್ರಾನ ಕಣಗಿನಹಾಳ ಐತ್ರೀ ಸರ್ರ" ಎಂದು ಹೆಮ್ಮೆಯಿಂದ ಹೇಳಿದಳು. ನಿಜ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಅಲ್ಲಿ ಹುಟ್ಟಿತು. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಸಾಲದ ಸಂಘದ ಮಾದರಿ ನಮಗೆ ಜರ್ಮನಿಯ ರೈಫೈಸನ್ನನಿಂದ ಬಂದದ್ದಾದರೂ, ಆಳುವವರು ಸದಸ್ಯರೇ ಎಂಬ ಕಟ್ಟಳೆಯಲ್ಲಿ ಕಣಗಿನಹಾಳವೂ ಕಪ್ಪೆಬೀದಿಯೂ ಬಂಧುಗಳು.

ಆಗ, ಅಲ್ಲಿಯವರೆಗೆ ಒಂದೂ ಮಾತಾಡದಿದ್ದ ಬಸವನಗುಡಿಯ ಹುಡುಗ ಆ ವೃದ್ಧೆಯನ್ನು ಕೇಳಿದ: "ಲೆಕ್ಕ ಬರೆಯುವವನೇ ಕಳ್ಳನಾದರೆ?"

ಅವನ ದನಿ ಕೇಳಿ ಎಲ್ಲರೂ ತಿರುಗಿ ನೋಡಿದೆವು. ಆಕೆ ನಗಲಿಲ್ಲ. ಈ ಊರಿನಲ್ಲಿಯೇ ಒಂದು ಉಳಿತಾಯ ಬ್ಯಾಂಕು ಇತ್ತು ಎಂದು ಹೇಳತೊಡಗಿದರು. ಬಡವರ ಪುಡಿಗಾಸು ಅಲ್ಲಿತ್ತು. ನಡೆಸುತ್ತಿದ್ದವನು ಊರೇ ಕೈಮುಗಿಯುವ ಗೃಹಸ್ಥ. 1849ರಲ್ಲಿ ಅವನು ಸತ್ತ ಮೇಲೆ ಪುಸ್ತಕ ತೆರೆದು ನೋಡಿದರೆ ಸುಮಾರು 70,000 ಪೌಂಡು ಇಲ್ಲ! ದೊಡ್ಡವರ ಹೆಸರಿದೆ, ಇನ್ನೇನು ಭಯ ಎಂದು ಯಾರೂ ಪುಸ್ತಕ ನೋಡಿರಲಿಲ್ಲ. ಆಗ ಜನ ಉಳಿದ ಕಾಸನ್ನು ನೇಕಾರರ ಅಂಗಡಿಗೆ ತಂದರು. 1848ರಲ್ಲಿ 140 ಇದ್ದ ಸದಸ್ಯರು 1850ರ ಹೊತ್ತಿಗೆ 600 ಆದರು. ನೇಕಾರರೇನು ದೇವರಲ್ಲ, ಅಲ್ಲಿ ಲೆಕ್ಕವನ್ನು ಎಲ್ಲರ ಮುಂದೆ ಓದುತ್ತಿದ್ದರು, ಕೇಳುವವರು ಇರುತ್ತಿದ್ದರು, ಅಷ್ಟೆ.

ಆಕೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಇದೇ ಜನ 1854ರಲ್ಲಿ ಕಟ್ಟಿದ ಬಟ್ಟೆಯ ಗಿರಣಿಯಲ್ಲಿ ಕೆಲಸಗಾರರಿಗೂ ಲಾಭದ ಪಾಲಿತ್ತು. ಪಾಲು ಕೊಳ್ಳಲು ಹೊಸಬರು ನುಗ್ಗಿದರು. 1862ರಲ್ಲಿ ಸಭೆಯಲ್ಲಿ ಮತ ಹಾಕಿ ಕೆಲಸಗಾರರ ಪಾಲನ್ನು ಕಿತ್ತುಹಾಕಿದರು. ನಮ್ಮ ಕಾಲದಲ್ಲಿಯೇ, ಈ ಚಳುವಳಿಯ ಹೆಸರು ಹೊತ್ತ ಕೋ-ಆಪರೇಟಿವ್ ಬ್ಯಾಂಕು 2013ರಲ್ಲಿ ಬಂಡವಾಳದಲ್ಲಿ ಸುಮಾರು 150 ಕೋಟಿ ಪೌಂಡಿನ ಕೊರತೆ ಕಂಡು, ಸಹಕಾರಿಗಳ ಕೈಬಿಟ್ಟು ಹೂಡಿಕೆದಾರರ ಪಾಲಾಯಿತು; 2025ರ ಜನವರಿಯಲ್ಲಿ ಸದಸ್ಯರೇ ಒಡೆಯರಾದ ಬೇರೊಂದು ಸಂಸ್ಥೆ ಅದನ್ನು ಕೊಂಡಿತು. ತಮ್ಮ ಮನೆಯ ಸೋಲನ್ನೂ ಗೆಲುವನ್ನೂ ಒಂದೇ ದನಿಯಲ್ಲಿ ಹೇಳಿದ ಆಕೆಯ ಬಗ್ಗೆ ನನಗೆ ಗೌರವ ಹುಟ್ಟಿತು.

ಮಧ್ಯಾಹ್ನ ಪುರಭವನದ ಎದುರಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ಬಸವನಗುಡಿಯ ಹುಡುಗ ನನ್ನ ಪಕ್ಕದಲ್ಲಿ ಬಂದು ಕುಳಿತ. "ಸರ್, ನಮ್ಮ ತಾತನ ನಿವೃತ್ತಿಯ ದುಡ್ಡೆಲ್ಲ ಒಂದು ಸಹಕಾರಿ ಬ್ಯಾಂಕಿನಲ್ಲಿತ್ತು" ಎಂದ. ಬ್ಯಾಂಕಿನಲ್ಲಿ ಅವ್ಯವಹಾರ ಬಯಲಾಗಿ, ಹಣ ತೆಗೆಯದಂತೆ ಕಟ್ಟು ಬಿದ್ದು, ವಿಮೆಯ ಮೊತ್ತ ಕೈಸೇರುವ ಹೊತ್ತಿಗೆ ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕಂಡವರಲ್ಲಿ ಕೈಯೊಡ್ಡಿದ್ದಾಗಿತ್ತು. ಈ ಪ್ರವಾಸಕ್ಕೂ ಅವನ ಸೋದರಮಾವ ಹಣ ಕಟ್ಟಿದ್ದರು.

"ತಾತ ಆ ಬ್ಯಾಂಕಿನ ಸಭೆಗೆ ಹೋಗುತ್ತಿದ್ದರೇನಪ್ಪ?" ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ವರ್ಷವರ್ಷವೂ ವರದಿಯ ಪುಸ್ತಕ ಬರುತ್ತಿತ್ತು ಸರ್. ಹಿಂದಿನ ಖಾಲಿ ಹಾಳೆಯಲ್ಲಿ ತಾತ ಹಾಲಿನ ಲೆಕ್ಕ ಬರೆಯುತ್ತಿದ್ದರು."

ಇದರಲ್ಲಿ ತಾತನದೇ ತಪ್ಪೆಂದು ನಾನು ಹೇಳಲಾರೆ. ಕದ್ದವನು ಕದ್ದವನೇ, ನಂಬಿದವನನ್ನು ಕಟಕಟೆಗೆ ನಿಲ್ಲಿಸುವುದು ಅನ್ಯಾಯ. ಆದರೂ ಆ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ನನ್ನ ಮೇಜಿನ ಖಾನೆಯಲ್ಲಿ, ನಾನು ಸದಸ್ಯನಾಗಿರುವ ನೌಕರರ ಪತ್ತಿನ ಸಂಘದ ಒಂಬತ್ತು ವರ್ಷಗಳ ವರದಿಗಳು ಹಾಗೆಯೇ ಬಿದ್ದಿದ್ದವು. ಮನೆಯ ಸಾಲಕ್ಕೆಂದು ಸದಸ್ಯನಾದವನು ಒಂದು ಸಭೆಗೂ ಹೋದವನಲ್ಲ. ನನ್ನ ಮಗಳು ಆ ಹಾಳೆಗಳಲ್ಲಿ ದೋಣಿ ಮಾಡುತ್ತಿದ್ದಳು.

ಉಳಿದ ದಿನಗಳು ಲಂಡನ್ನಿನಲ್ಲಿ ಕಳೆದವು, ನೋಡುವುದನ್ನೆಲ್ಲ ನೋಡಿದೆವು. ಹಿಂದಿರುಗುವಾಗ ಲಾಭ-ಧರ್ಮಗಳ ವಾದ ಮತ್ತೆ ಎದ್ದಿತಾದರೂ ಮೊದಲಿನ ಬಿಸಿಯಿರಲಿಲ್ಲ. "ಎರಡೂ ಅಲ್ಲ, ಪುಸ್ತಕ ಯಾರು ನೋಡುತ್ತಾರೆ ಅನ್ನೋದೇ ಪ್ರಶ್ನೆ" ಎಂದು ಲಾಭದವರ ಮುಂದಾಳುವೇ ಹೇಳಿದ. ಹತ್ತು ದಿನಗಳಲ್ಲಿ ಪರದೇಶವನ್ನು ಅರಿತೆವೆಂದು ಯಾರೂ ಹೇಳಲಾಗದು. ಆದರೆ ನಮ್ಮ ಮನೆಯ ಖಾನೆಯಲ್ಲಿ ಏನಿದೆ ಎಂದು ತೋರಿಸಲು ಹತ್ತು ದಿನ ಸಾಕು.

ಸೆಪ್ಟೆಂಬರಿನಲ್ಲಿ ನಮ್ಮ ಪತ್ತಿನ ಸಂಘದ ಸರ್ವಸದಸ್ಯರ ಸಭೆಯ ನೋಟೀಸು ಬಂದಿತು. ಭಾನುವಾರ ಬೆಳಗ್ಗೆ ಹೋದೆ. ನಾಲ್ಕು ನೂರಕ್ಕೂ ಹೆಚ್ಚು ಸದಸ್ಯರಲ್ಲಿ ಬಂದವರು ಇಪ್ಪತ್ತೆರಡು ಜನ. ಕೋರಂ ಇಲ್ಲದ್ದರಿಂದ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಇಪ್ಪತ್ತೆರಡು ಜನ ಉಪ್ಪಿಟ್ಟು, ಕಾಫಿ ಮುಗಿಸಿ ಅದೇ ಕುರ್ಚಿಗಳಲ್ಲಿ ಮತ್ತೆ ಕುಳಿತೆವು. ಕಾರ್ಯದರ್ಶಿಗಳು ಲೆಕ್ಕವನ್ನು ಓದಿ, "ಅಂಗೀಕರಿಸಲಾಯಿತೆ?" ಎಂದರು. ಕೈಗಳು ಮೇಲೇಳತೊಡಗಿದವು. ನಾನು ಎದ್ದು ನಿಂತೆ. ಇಪ್ಪತ್ತು ವರ್ಷ ಪಾಠ ಹೇಳಿದ ಹಿರಿಯರೂ ಅಲ್ಲಿದ್ದರು; ನನ್ನ ಕಾಲು ನಡುಗುತ್ತಿದ್ದವು.

"ಸುಸ್ತಿ ಸಾಲ ಹೋದ ವರ್ಷಕ್ಕಿಂತ ಹೆಚ್ಚಾಗಿದೆಯಲ್ಲ ಸ್ವಾಮಿ, ಯಾಕೆ?" ಎಂದು ಕೇಳಿದೆ.

ಕಾರ್ಯದರ್ಶಿಗಳು ಕನ್ನಡಕ ತೆಗೆದು ನನ್ನತ್ತ ನೋಡಿದರು. ಅವರಿಗೆ ಕೋಪ ಬಂದಿರಲಿಲ್ಲ. "ಹನ್ನೊಂದು ವರ್ಷದಿಂದ ಈ ಲೆಕ್ಕ ಓದುತ್ತಿದ್ದೇನೆ ಮೇಷ್ಟ್ರೆ. ಕೇಳಿದವರು ನೀವೇ ಮೊದಲು. ಕುಳಿತುಕೊಳ್ಳಿ, ಹೇಳುತ್ತೇನೆ" ಎಂದು, ಕಡತದ ದಾರ ಬಿಚ್ಚಿ, ಮೊದಲ ಪುಟದಿಂದ ಆರಂಭಿಸಿದರು.