ಅಪ್ಪಯ್ಯನ ಕಿವಿಯ ರಬ್ಬರು

ದೇವರು ಮನುಷ್ಯನಿಗೆ ಎರಡು ಕಿವಿಗಳನ್ನು ಕೊಟ್ಟಿದ್ದಾನೆ. ಅವೆರಡೂ ಒಂದೇ ಅಳತೆಯವು ಎಂದು ಐವತ್ತೆರಡು ವರ್ಷಗಳ ಕಾಲ ನಂಬಿಕೊಂಡು ಬಂದವನು ನಾನು. ಕಾಲಿಗೆ ಚಪ್ಪಲಿ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುತ್ತೇವೆ. ತಲೆಗೆ ಟೋಪಿ ಕೊಳ್ಳುವಾಗ ಕನ್ನಡಿಯ ಮುಂದೆ ನಿಲ್ಲುತ್ತೇವೆ. ಕಿವಿಯ ಅಳತೆ ನೋಡಿ ಸಾಮಾನು ಕೊಂಡವರನ್ನು ಮಾತ್ರ ನಾನು ಕಂಡಿರಲಿಲ್ಲ. ಹಾಗೆ ಕೊಳ್ಳಬೇಕಾದ ವಸ್ತುವೊಂದು ಇದೆಯೆಂದು ನನಗೆ ತಿಳಿದದ್ದು ಹೋದ ವರ್ಷ; ಅದೂ ತಕ್ಕಷ್ಟು ನಾಚಿಕೆಪಟ್ಟ ಮೇಲೆ.

ವಸ್ತುವೇನೋ ಅಲ್ಪವಾದದ್ದೇ. ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನಿನ ತುದಿಯಲ್ಲಿ ಅಣಬೆಯ ತಲೆಯಂತೆ ಕುಳಿತಿರುತ್ತದಲ್ಲ, ಆ ರಬ್ಬರು. ಅಂಗಡಿಯವರು ಅದನ್ನು ಇಯರ್‌ಟಿಪ್ ಎನ್ನುತ್ತಾರೆ. ನಿಜಕ್ಕೂ ಅದು ಸಾಮಾನ್ಯವಾಗಿ ರಬ್ಬರಲ್ಲ, ಸಿಲಿಕೋನು. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ರಬ್ಬರೆಂದೇ ಹೆಸರು ಬಿದ್ದಿದೆ; ಇಲ್ಲಿಯೂ ಹಾಗೆಯೇ ಇರಲಿ.

ನಮ್ಮದು ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ಕಡೆ. ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು 1926ರಲ್ಲಿ ಹುಟ್ಟಿದ ಊರೆಂದು ಹೇಳಿದರೆ ಬೆಂಗಳೂರಿನ ಸ್ನೇಹಿತರಿಗೆ ಗುರುತು ಹತ್ತುತ್ತದೆ. ಬೆಟ್ಟದ ಬುಡದಲ್ಲಿ ಅಡಿಕೆಯ ತೋಟ, ಅದಕ್ಕೆ ಮೇಲುಗಡೆ ಮನೆ, ಮನೆಯಲ್ಲಿ ಈಗ ಅಪ್ಪಯ್ಯ ಮತ್ತು ಆಯಿ ಇಬ್ಬರೇ. ಅಪ್ಪಯ್ಯನಿಗೆ ಎಂಬತ್ತೊಂದು. ಅವರಿಗೆ ಎರಡು ಚಟಗಳು: ಒಂದು ಕವಳ, ಇನ್ನೊಂದು ಯಕ್ಷಗಾನ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟವನ್ನು ನೋಡಲು ಹುಡುಗನಾಗಿದ್ದಾಗ ಸೂಡಿ ಹಿಡಿದು ನಡೆದು ಹೋದ ಕಥೆಯನ್ನು ಅವರು ಈಗಲೂ ಹೇಳುತ್ತಾರೆ. ನಿದ್ದೆಗೆಟ್ಟು ಆಟ ನೋಡುವ ಶಕ್ತಿ ಈಗ ಉಳಿದಿಲ್ಲ. ಅದಕ್ಕೆಂದು ನಾನು ಒಂದು ಫೋನನ್ನೂ ಇಯರ್‌ಫೋನನ್ನೂ ತಂದುಕೊಟ್ಟಿದ್ದೆ. ಅಡಿಕೆ ಸುಲಿಯುವ ಕಾಲದಲ್ಲಿ ಸಂಜೆ ಮೆಟ್ಟುಗತ್ತಿಯ ಮುಂದೆ ಕುಳಿತು, ಕಿವಿಯಲ್ಲಿ ನೆಬ್ಬೂರು ನಾರಾಯಣ ಭಾಗವತರ ಪದವನ್ನು ಹಾಕಿಕೊಂಡರೆಂದರೆ, ಆಯಿ ಊಟಕ್ಕೆ ಕರೆದದ್ದು ಮೂರನೆಯ ಸಲಕ್ಕೇ ಅವರಿಗೆ ಕೇಳುತ್ತಿದ್ದುದು.

ಎರಡು ವರ್ಷ ಬೆವರು ಕುಡಿದು ಆ ರಬ್ಬರುಗಳು ಬಿರುಸಾಗಿ ಸೀಳಿದವು. ಬರುವಾಗ ಬೇರೆ ತರಬೇಕೆಂದು ಫೋನಿನಲ್ಲಿ ಅಪ್ಪಣೆಯಾಯಿತು. ನಾನು ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರು ಅಳತೆಗಳಿದ್ದ ಒಂದು ಪೊಟ್ಟಣವನ್ನು ಕೊಂಡೆ. "ಎಲ್ಲಕ್ಕೂ ಆಗುತ್ತೆ ಸಾರ್" ಎಂದ ಅಂಗಡಿಯವನು. ಎಲ್ಲಕ್ಕೂ ಆಗುವ ವಸ್ತು ಯಾವುದಕ್ಕೂ ಸರಿಯಾಗಿ ಆಗುವುದಿಲ್ಲವೆಂಬ ವಿವೇಕ ಆಗ ನನಗೆ ಹೊಳೆಯಲಿಲ್ಲ.

ಊರಿಗೆ ಹೋಗಿ ನಡುವಿನ ಅಳತೆಯ ಜೊತೆಯನ್ನು ಸಿಕ್ಕಿಸಿಕೊಟ್ಟೆ. ಅಪ್ಪಯ್ಯ ಕೇಳಿ ನೋಡಿ, "ತಮಾ, ಎಡಗಿವಿಗೆ ಚಂಡೆ ಕೇಳ್ತು, ಮದ್ದಲೆ ಕೇಳ್ತಿಲ್ಲೆ" ಎಂದರು. ವಯಸ್ಸಾದವರ ಮಾತೆಂದು ನಾನು ಒಳಗೇ ನಕ್ಕೆ. ಆದರೂ ಎಡಗಡೆಗೆ ದೊಡ್ಡ ರಬ್ಬರನ್ನು ಹಾಕಿ ನೋಡಿದೆ. ಮದ್ದಲೆ ಕೇಳಿತು. ಕಿವಿಯಲ್ಲಿ ಅದು ಭದ್ರವಾಗಿ ಕೂತಿತ್ತು. ಇಯರ್‌ಫೋನಿನ ಮೂತಿಯ ಮೇಲೆ ಮಾತ್ರ ಸಡಿಲವಾಗಿತ್ತು. ಹೇಗೋ ನಡೆದೀತೆಂದು ಬಿಟ್ಟು ಬೆಂಗಳೂರಿಗೆ ಬಂದುಬಿಟ್ಟೆ.

ಒಂದು ತಿಂಗಳ ನಂತರ ಆಯಿಯ ಫೋನು ಬಂತು. ಅಪ್ಪಯ್ಯನಿಗೆ ಎಡಗಿವಿ ಕೇಳುವುದಿಲ್ಲವಂತೆ, ಕರೆದರೆ ಓಗೊಡುವುದಿಲ್ಲವಂತೆ, ಪದ ಕೇಳುವುದನ್ನೂ ಬಿಟ್ಟಿದ್ದಾರಂತೆ. ರಬ್ಬರೂ ಒಂದು ಕಳೆದುಹೋಗಿದೆ, ಸಿಪ್ಪೆಯ ರಾಶಿಯಲ್ಲಿ ಬಿದ್ದಿರಬೇಕು ಎಂದು ಕೊನೆಯಲ್ಲಿ ಸೇರಿಸಿದಳು. ಸಂಕ್ರಾಂತಿಗೆ ನಾನೂ ತಂಗಿಯೂ ಊರಿಗೆ ಹೋದೆವು.

ಮುಂದಿನದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಮನೆಯ ಹಿರಿಯರಿಗೆ ಕಿವಿ ಕೇಳುವುದಿಲ್ಲವೆಂದು ಒಮ್ಮೆ ಗೊತ್ತಾದರೆ, ನಮಗೆ ತಿಳಿಯದಂತೆಯೇ ನಾವು ಅವರನ್ನು ಮನೆಯ ಮಾತಿನಿಂದ ಹೊರಗಿಟ್ಟುಬಿಡುತ್ತೇವೆ. ಅವರೊಡನೆ ಕೂಗಿ ಮಾತಾಡುತ್ತೇವೆ. ಕೂಗಿ ಹೇಳಬಹುದಾದದ್ದನ್ನು ಮಾತ್ರ ಮಾತಾಡುತ್ತೇವೆ. ಉಳಿದದ್ದನ್ನೆಲ್ಲ ಅವರ ಎದುರಿನಲ್ಲಿಯೇ, ಅವರು ಇಲ್ಲವೆಂಬಂತೆ, ಮೆಲುದನಿಯಲ್ಲಿ ಆಡಿಕೊಳ್ಳುತ್ತೇವೆ. ಆ ದಿನ ಅಪ್ಪಯ್ಯ ಜಗಲಿಯಲ್ಲಿ ಕವಳದ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ಅವರಿಂದ ಎರಡು ಮಾರು ದೂರದಲ್ಲಿ ನಾನೂ ತಂಗಿಯೂ ತೋಟದ ವಿಷಯ ತೆಗೆದೆವು. ಕೊನೆಗೌಡರು ಸಿಗುವುದಿಲ್ಲ, ಕೊಳೆರೋಗ ಬಿಡುವುದಿಲ್ಲ, ಈಗ ಎಲೆಚುಕ್ಕಿ ರೋಗ ಬೇರೆ ಬಂದಿದೆ. ಒಳ್ಳೆಯ ಬೆಲೆ ಬಂದಾಗಲೇ ಕೊಟ್ಟು ಇಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗುವುದು ಮೇಲೆಂದು ನಾನೇ ಹೇಳಿದೆ. ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆಯೆತ್ತಲಿಲ್ಲ.

ಮರುದಿನ ಶಿರಸಿಯ ಒಬ್ಬ ಕಿವಿಯ ವೈದ್ಯರಲ್ಲಿಗೆ ಹೋದೆವು. ಶ್ರವಣಯಂತ್ರಕ್ಕೆ ಎಷ್ಟಾದೀತೆಂದು ನಾನು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ವೈದ್ಯರು ದೀಪ ಹಿಡಿದು ಎಡಗಿವಿಯೊಳಗೆ ಇಣುಕಿದರು, ಇನ್ನೊಮ್ಮೆ ಇಣುಕಿದರು. ಅನಂತರ ಸಣ್ಣ ಚಿಮುಟದಿಂದ ಮೆಲ್ಲಗೆ ಎಳೆದು ಬಿಳಿಯ ಬಟ್ಟಲಿನಲ್ಲಿ ಏನನ್ನೋ ಇಟ್ಟರು. ನಾನು ಎಸ್.ಪಿ. ರೋಡಿನಿಂದ ತಂದ ದೊಡ್ಡ ಅಳತೆಯ ರಬ್ಬರು! ಇಯರ್‌ಫೋನನ್ನು ಎಳೆದಾಗ ಸಡಿಲವಾಗಿದ್ದ ಟೋಪಿ ಕಳಚಿ ಕಿವಿಯಲ್ಲಿಯೇ ಉಳಿದಿತ್ತು. ಪರೀಕ್ಷೆಯಲ್ಲಿ ಅಪ್ಪಯ್ಯನ ಕಿವಿ ಅವರ ವಯಸ್ಸಿಗೆ ಚೆನ್ನಾಗಿಯೇ ಇದೆಯೆಂದು ತಿಳಿಯಿತು. ಇಂಥದು ಒಳಗೆ ಸಿಕ್ಕಿಕೊಂಡಾಗ ಮನೆಯಲ್ಲಿ ಕಡ್ಡಿ, ಪಿನ್ನು ಹಾಕಿ ಕೆದಕಿದರೆ ಇನ್ನೂ ಒಳಕ್ಕೆ ಹೋಗಿ ತಮಟೆಗೆ ಗಾಯವಾದೀತೆಂದು ವೈದ್ಯರು ಎಚ್ಚರಿಸಿದರು.

ಕಿವಿ ಕಟ್ಟಿಕೊಂಡಂತಾದರೂ ಏಕೆ ಹೇಳಲಿಲ್ಲವೆಂದು ಕೇಳಿದೆ. ಮಗ ಅಷ್ಟು ದೂರದಿಂದ ತಂದುಕೊಟ್ಟದ್ದನ್ನು ಕಳೆದೆನೆಂದರೆ ಅವನಿಗೆ ಬೇಸರವಾದೀತು, ಆದ್ದರಿಂದ ಕಿವಿಯ ಮಾತನ್ನೇ ಎತ್ತಲಿಲ್ಲ ಎಂದರು. ಕಾರು ಊರಿನ ದಾರಿ ಹಿಡಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಇನ್ನೊಂದು ಮಾತು ಹೇಳಿದರು: "ತಮಾ, ಬಲಗಿವಿ ಸರಿಯಾಗೇ ಇತ್ತು."

ಮನೆ ಬರುವವರೆಗೆ ನಾನು ಬಾಯಿ ತೆರೆಯಲಿಲ್ಲ.

ಪ್ರಾಯಶ್ಚಿತ್ತವೆಂದು ಈ ರಬ್ಬರಿನ ಶಾಸ್ತ್ರವನ್ನು ಸ್ವಲ್ಪ ಅಭ್ಯಾಸ ಮಾಡಿದೆ. ವಾಚಕರಿಗೂ ಉಪಯೋಗವಾದೀತು. ಕೊಳ್ಳುವಾಗ ಎರಡು ಅಳತೆಗಳನ್ನು ನೋಡಬೇಕು. ಮೊದಲನೆಯದು ಇಯರ್‌ಫೋನಿನ ಮೂತಿಯ ದಪ್ಪ. ಅದು ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರುಗಳ ಒಳಗಿರುತ್ತದೆ. ರಬ್ಬರಿನ ತೂತು ಅದಕ್ಕಿಂತ ತುಸು ಕಿರಿದಾಗಿದ್ದು ಹಿಗ್ಗಿಸಿಯೇ ಹಾಕುವಂತಿರಬೇಕು. ಮೆಲ್ಲಗೆ ಎಳೆದರೆ ಕಳಚಬಾರದು. ಎರಡನೆಯದು ಕಿವಿಯ ಅಳತೆ. ಎರಡು ಕಿವಿಗಳ ನಾಳ ಒಂದೇ ಸಮನಾಗಿರಬೇಕೆಂಬ ನಿಯಮವಿಲ್ಲ. ಬಲಕ್ಕೆ ನಡುವಿನದು, ಎಡಕ್ಕೆ ದೊಡ್ಡದು ಹಾಕಿದರೆ ತಪ್ಪೇನೂ ಇಲ್ಲ. ನಾಳವು ನೇರವಾಗಿಲ್ಲದೆ ತುಸು ಬಾಗಿರುವುದರಿಂದ, ಕಿವಿಯ ಹಾಳೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು ಸಿಕ್ಕಿಸಿದರೆ ಸರಿಯಾಗಿ ಕೂರುತ್ತದೆ.

ಅಪ್ಪಯ್ಯ ಮದ್ದಲೆಯ ವಿಷಯ ಹೇಳಿದ್ದೂ ವಯಸ್ಸಿನ ಮಾತಾಗಿರಲಿಲ್ಲ. ಅದು ಒಳ್ಳೆಯ ಪರೀಕ್ಷೆಯೇ ಆಗಿತ್ತು. ಇಯರ್‌ಫೋನಿನೊಳಗಿನ ಪುಟ್ಟ ಪೊರೆ ಗಾಳಿಯನ್ನು ನೂಕಿ ಎಳೆದು ಸದ್ದನ್ನು ಹುಟ್ಟಿಸುತ್ತದೆ. ಅಂಚಿನಲ್ಲಿ ಸಂದಿದ್ದರೆ, ತೂತುಬಿದ್ದ ಟ್ಯೂಬಿಗೆ ಪಂಪು ಹೊಡೆದಂತೆ, ನಿಧಾನವಾಗಿ ಕಂಪಿಸುವ ಕೆಳದನಿಯ ಒತ್ತಡವೆಲ್ಲ ಸೋರಿಹೋಗುತ್ತದೆ. ವೇಗವಾಗಿ ಕಂಪಿಸುವ ಏರುದನಿ ಉಳಿಯುತ್ತದೆ. ಚಂಡೆಯಿದ್ದು ಮದ್ದಲೆ ಹೋಯಿತೆಂದರೆ ರಬ್ಬರು ಚಿಕ್ಕದೆಂದು ಅರ್ಥ. ಆಗ ನಾವು ಮಾಡುವುದೇನು? ಸದ್ದನ್ನು ಏರಿಸುತ್ತೇವೆ. ಅಪಾಯವಿರುವುದು ಅಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ, ವಾರಕ್ಕೆ 80 ಡೆಸಿಬೆಲ್ ಸದ್ದನ್ನು 40 ಗಂಟೆ ಕೇಳಬಹುದು; ಮೇಲೆ 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರಿಯ 5. ಸರಿಯಾದ ರಬ್ಬರು ಹೊರಗಿನ ಗದ್ದಲವನ್ನು ತಡೆದು, ತಗ್ಗಿದ ಸದ್ದಿನಲ್ಲಿಯೇ ಪದವನ್ನು ಕೇಳಿಸುತ್ತದೆ.

ಸಿಲಿಕೋನಿನದಲ್ಲದೆ ಮೆತ್ತನೆಯ ಫೋಮಿನವೂ ಸಿಗುತ್ತವೆ. ಬೆರಳಿನಲ್ಲಿ ಹಿಸುಕಿ ಒಳಗಿಟ್ಟರೆ ಅರಳಿಕೊಂಡು ನಾಳದ ಆಕಾರಕ್ಕೇ ಹೊಂದಿಕೊಳ್ಳುತ್ತವೆ. ಈ ಜಾತಿಯ ಫೋಮು ಹುಟ್ಟಿದ್ದು 1966ರಲ್ಲಿ, ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನದ ಮೆತ್ತೆ ಮಾಡುವ ಪ್ರಯತ್ನದಲ್ಲಂತೆ. ಒಂದು ಜೊತೆಯನ್ನು ಅಪ್ಪಯ್ಯನಿಗೂ ತಂದುಕೊಟ್ಟೆ. ಐದು ನಿಮಿಷದಲ್ಲಿ ಕಿತ್ತು ಕೈಗೆ ಕೊಟ್ಟರು. ಕಿವಿ ಪೂರ್ತಿ ಮುಚ್ಚಿದರೆ ನಮ್ಮದೇ ದವಡೆಯ ಸದ್ದು ಒಳಗೆ ದೊಡ್ಡದಾಗಿ ಕೇಳುತ್ತದೆ. ಕವಳ ಜಗಿಯುವ ಸದ್ದಿನಲ್ಲಿ ಭಾಗವತರೇ ಮುಳುಗಿಹೋಗಿದ್ದರು! ಅಲ್ಲದೆ ಫೋಮು ಬೆವರನ್ನೂ ಗುಗ್ಗೆಯನ್ನೂ ಹೀರಿಕೊಳ್ಳುತ್ತದೆ, ಕೆಲವು ತಿಂಗಳಿಗೇ ಬದಲಾಯಿಸಬೇಕು. ಸಿಲಿಕೋನನ್ನು ಕಳಚಿ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದರಾಯಿತು. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಅದೇ ಲೇಸು.

ಕೊನೆಗೆ ಮೂತಿಯ ದಪ್ಪವನ್ನು ಅಳೆದೇ ತಂದ ಸಿಲಿಕೋನಿನ ರಬ್ಬರುಗಳು ನಿಂತವು: ಬಲಕ್ಕೆ ನಡುವಿನದು, ಎಡಕ್ಕೆ ದೊಡ್ಡದು. ನಾನೇ ಹಾಕಿ, ಎಳೆದು ನೋಡಿ, ಅಪ್ಪಯ್ಯನ ಕಿವಿಗೆ ಸಿಕ್ಕಿಸಿದೆ. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು. ಮದ್ದಲೆ ಬಂತೆಂದು ನಾನು ಕೇಳಬೇಕಾಗಲಿಲ್ಲ.

ಪದ ಮುಗಿದ ಮೇಲೆ ಅವರ ಪಕ್ಕದಲ್ಲಿ, ಬಲಗಡೆಯಲ್ಲಿಯೇ, ಕುಳಿತೆ. ತೋಟದ ಮಾತನ್ನು ನಾನಾಗಿಯೇ ಎತ್ತಿದೆ. ಈ ಸಲ ಕೂಗಲೂ ಇಲ್ಲ, ಪಿಸುಗುಟ್ಟಲೂ ಇಲ್ಲ. ನಮ್ಮ ಕಷ್ಟವನ್ನು ಹೇಳಿದೆ. ಅವರು ಪೂರ್ತಿ ಕೇಳಿದರು. ತಾವು ಬದುಕಿರುವಷ್ಟು ದಿನ ತೋಟ ಇರಲಿ, ಆಮೇಲಿನದು ನಮಗೆ ಬಿಟ್ಟದ್ದು ಎಂದರು. ಆಗಲಿ ಎಂದೆ. ಅವರು ಕಿವಿಯಿಂದ ರಬ್ಬರು ತೆಗೆದು, ಎರಡೂ ಇವೆಯೇ ಎಂದು ಅಂಗೈಯಲ್ಲಿ ಇಟ್ಟು ಎಣಿಸಿ, ಕವಳದ ತಟ್ಟೆಯ ಮೂಲೆಯಲ್ಲಿ ಜೋಪಾನವಾಗಿ ಇಟ್ಟರು.