ಗೆರೆಯ ಮೇಲೆ ನಿಂತ ಹುಡುಗ

ಎರಡೂವರೆ ಸಾವಿರ ವರ್ಷ ಹಳೆಯ ಮಣ್ಣಿನ ಕೊಡಗಳ ಮೇಲಿನ ಚಿತ್ರ ನೋಡಿಕೊಂಡು ನಾನು ಹತ್ತೊಂಬತ್ತರ ಹುಡುಗನೊಬ್ಬನಿಗೆ ನಿಲ್ಲುವುದನ್ನು ಹೇಳಿಕೊಟ್ಟೆ. ಹಾಗೆ ನಿಂತದ್ದರಿಂದಲೇ ಅವನ ಮೊಣಕಾಲು ಹೋಯಿತು. "ಇವನಿಗೆ ಈ ನಿಲುವು ಕಲಿಸಿದವರು ಯಾರು?" ಎಂದು ಕೋಚ್ ಕೇಳಿದಾಗ ನಾನು ನಾಲ್ಕು ಹೆಜ್ಜೆ ಆಚೆ ಟವೆಲ್ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ.

ಓದಲೆಂದು ಲಂಡನ್ನಿಗೆ ಹೋಗಿದ್ದ ಕಾಲ. ನಮ್ಮ ದೊಡ್ಡಪ್ಪ ದಾವಣಗೆರೆಯ ಗರಡಿಯಲ್ಲಿ ಮೈಗೆ ಮಣ್ಣು ಹಚ್ಚಿಕೊಂಡು ಬೆಳೆದವರು. ನಾನು ಗರಡಿಯ ಬಾಗಿಲಲ್ಲಿ ಕೂತು ನೋಡಿದವನು, ಒಳಗಿಳಿದವನಲ್ಲ. ಆ ಕೊರಗು ಮೂವತ್ತು ತುಂಬುವ ಹೊತ್ತಿಗೆ ಎದ್ದು ಕೂತಿತು. ರೈಲು ಹಳಿಯ ಕಮಾನೊಂದರ ಕೆಳಗೆ ಹತ್ತು ಹನ್ನೆರಡು ಜನ ಸೇರಿ ಪ್ಯಾಂಕ್ರೇಷನ್ ಅಭ್ಯಾಸ ಮಾಡುತ್ತಾರೆಂದು ತಿಳಿದದ್ದೇ ಹೋಗಿ ಹೆಸರು ಬರೆಸಿದೆ.

ಪ್ಯಾಂಕ್ರೇಷನ್ ಎಂದರೆ ಗ್ರೀಕ್ ಭಾಷೆಯಲ್ಲಿ ಸರ್ವಬಲ. ಕ್ರಿ.ಪೂ. 648ರಲ್ಲಿ ಒಲಿಂಪಿಯಾದ ಕ್ರೀಡೆಗಳಿಗೆ ಸೇರಿತು; ಮೊದಲು ಗೆದ್ದವನು ಸಿರಾಕ್ಯೂಸಿನ ಲಿಗ್ಡಾಮಿಸ್. ಕುಸ್ತಿಯ ಹಿಡಿತ, ಮುಷ್ಟಿಯ ಪೆಟ್ಟು, ಒದೆತ, ಕತ್ತು ಹಿಸುಕುವುದು, ಕೀಲು ತಿರುಚುವುದು ಎಲ್ಲಕ್ಕೂ ಅಲ್ಲಿ ಅನುಮತಿಯಿತ್ತು. ಕಚ್ಚುವಂತಿಲ್ಲ, ಕಣ್ಣಿಗೆ ಬೆರಳು ಹಾಕುವಂತಿಲ್ಲ. ತೂಕದ ವರ್ಗಗಳಿಲ್ಲ, ಸುತ್ತುಗಳಿಲ್ಲ, ನಡುವೆ ಕೂತು ನೀರು ಕುಡಿಯುವ ವಿರಾಮವಿಲ್ಲ. ಒಬ್ಬ ಸೋಲೊಪ್ಪಿ ಬೆರಳೆತ್ತುವವರೆಗೆ ಕಾಳಗ. ಅಪ್ಪಿ ಹಿಡಿದು ಒತ್ತಬಲ್ಲವನು ಕುಸ್ತಿಪಟು, ಪೆಟ್ಟಿನಿಂದ ಹಿಂದಕ್ಕಟ್ಟಬಲ್ಲವನು ಮುಷ್ಟಿಪಟು, ಎರಡೂ ಬಲ್ಲವನು ಪ್ಯಾಂಕ್ರೇಷನ್ ಪಟು ಎಂದು ಅರಿಸ್ಟಾಟಲ್ ವಿಂಗಡಿಸಿದ್ದಾನೆ.

ಈ 'ಎರಡೂ' ಎಂಬುದರಲ್ಲೇ ನಿಲುವಿನ ತೊಡಕೆಲ್ಲ ಇದೆ. ಕುಸ್ತಿಯವನು ಎದೆಯನ್ನು ಎದುರಾಳಿಗೆ ನೇರ ಕೊಟ್ಟು ಬಾಗಿ ನಿಲ್ಲುತ್ತಾನೆ. ಎರಡೂ ಕೈ ಹಿಡಿತಕ್ಕೆ ಬೇಕು. ಮುಷ್ಟಿಯವನು ಓರೆಯಾಗಿ ನೆಟ್ಟಗೆ ನಿಲ್ಲುತ್ತಾನೆ. ಪೆಟ್ಟು ಬೀಳುವ ಜಾಗ ಕಿರಿದಾಗಬೇಕು. ಪ್ಯಾಂಕ್ರೇಷನ್ನಿನವನಿಗೆ ಇಬ್ಬರ ಭಯವೂ ಉಂಟು. ಬಾಗಿದರೆ ಮುಖಕ್ಕೆ ಮೊಣಕಾಲು ಬರುತ್ತದೆ, ತೀರಾ ಓರೆಯಾದರೆ ಮುಂಗಾಲು ಎದುರಾಳಿಯ ಕೈಗೆ ಸಿಗುತ್ತದೆ. ಹಾಗಾಗಿ ಇಂದು ಈ ವಿದ್ಯೆಯನ್ನು ಮತ್ತೆ ಕಟ್ಟಿಕೊಳ್ಳುತ್ತಿರುವವರು ಹಳೆಯ ಚಿತ್ರ, ಶಿಲ್ಪಗಳಿಂದ ಒಂದು ನಡುವಿನ ನಿಲುವನ್ನು ಹೆಕ್ಕಿಕೊಂಡಿದ್ದಾರೆ. ಎಡಮೈ ತುಸು ಮುಂದೆ. ಎರಡೂ ಕೈ ಮೇಲೆ, ಬೆರಳ ತುದಿ ಹಣೆಯ ಕೂದಲಿನ ಮಟ್ಟಕ್ಕೆ. ಅಂಗೈ ಅರ್ಧ ತೆರೆದಿರುತ್ತದೆ. ಅಲ್ಲಿಂದ ಗುದ್ದಬಹುದು, ಹಿಡಿಯಲೂಬಹುದು. ಬೆನ್ನು ಕೊಂಚ ಗುಂಡಗೆ. ಮೈಭಾರ ಬಹುಪಾಲು ಹಿಂದಿನ ಬಲಗಾಲ ಮೇಲೆ; ಎಡಗಾಲಿನ ಮುಂಪಾದ ಮಾತ್ರ ನೆಲ ಮುಟ್ಟಿರುತ್ತದೆ, ಕ್ಷಣದಲ್ಲಿ ಒದೆಯಲೋ ಮೊಣಕಾಲೆತ್ತಿ ಒದೆತ ತಡೆಯಲೋ ಸಿದ್ಧ. ಅರ್ಧ ತೆರೆದ ಆ ಅಂಗೈಯಂಥ ಚೆಲುವಾದ ಉಪಾಯವನ್ನು ಯಾವ ಕಾಳಗದ ಕಲೆಯಲ್ಲೂ ನಾನು ಕಂಡಿಲ್ಲ. ಇಂದಿಗೂ ಹಾಗೇ ಅನ್ನಿಸುತ್ತದೆ.

ಕೋಚ್ ಕಲಿಸುತ್ತಿದ್ದದ್ದೂ ಇದನ್ನೇ. ಆದರೆ ಅವರ ನಿಲುವಿನಲ್ಲಿ ಕಾಲುಗಳು ಅಗಲವಾಗಿದ್ದವು. ನನಗೆ ಅದು ಇತ್ತೀಚಿನ ಕಲಬೆರಕೆಯಂತೆ ಕಂಡಿತು. ಭಾನುವಾರಗಳನ್ನು ನಾನು ಬ್ರಿಟಿಷ್ ಮ್ಯೂಸಿಯಂನಲ್ಲಿ ಕಳೆಯುತ್ತಿದ್ದೆ. ಫೌಂಡ್ರಿ ಪೇಂಟರ್ ಎಂದು ವಿದ್ವಾಂಸರು ಕರೆಯುವ ಕಲಾವಿದ ಕ್ರಿ.ಪೂ. 490–480ರ ಸುಮಾರಿಗೆ ಚಿತ್ರಿಸಿದ ಮಧುಪಾತ್ರೆಯೊಂದು ಅಲ್ಲಿದೆ. ಇಟಲಿಯ ವುಲ್ಚಿಯಲ್ಲಿ ಸಿಕ್ಕಿದ್ದು. ಒಬ್ಬ ಎದುರಾಳಿಯ ಕಣ್ಣಿಗೆ ಬೆರಳು ತೂರಿಸುತ್ತಿದ್ದಾನೆ, ತೀರ್ಪುಗಾರ ಅವನ ಮೇಲೆ ಕೋಲೆತ್ತಿದ್ದಾನೆ. ಅದರ ಮುಂದೆ ಎಷ್ಟು ಹೊತ್ತು ನಿಲ್ಲುತ್ತಿದ್ದೆನೋ ಲೆಕ್ಕವಿಲ್ಲ. ಆಮೇಲೆ ಪ್ಯಾನಥೆನಾಯಿಕ್ ಕೊಡಗಳ ಚಿತ್ರಗಳ ಹುಚ್ಚು ಹಿಡಿಯಿತು. ಅಥೆನ್ಸಿನಲ್ಲಿ ಗೆದ್ದವರಿಗೆ ಬಹುಮಾನವಾಗಿ ಕೊಡುತ್ತಿದ್ದ, ಸುಮಾರು 40 ಲೀಟರ್ ಆಲಿವ್ ಎಣ್ಣೆ ಹಿಡಿಯುವ ಕೊಡಗಳು ಅವು. ಒಂದು ಬದಿಯಲ್ಲಿ ಅಥೀನಾ ದೇವಿ, ಇನ್ನೊಂದು ಬದಿಯಲ್ಲಿ ಗೆದ್ದ ಆಟದ ದೃಶ್ಯ. ಫೋಟೊಗಳ ಮೇಲೆ ಸ್ಕೇಲ್ ಇಟ್ಟು ಹೆಜ್ಜೆಯ ಉದ್ದ ಅಳೆದೆ, ಎತ್ತರದೊಂದಿಗೆ ಹೋಲಿಸಿದೆ, ನೋಟ್‌ಬುಕ್ ತುಂಬಿಸಿದೆ. ಕೊಡದ ಮೇಲೆ ಎರಡೂ ಪಾದ ಒಂದೇ ಗೆರೆಯ ಮೇಲೆ, ಒಂದರ ಹಿಂದೊಂದು ನೇರವಾಗಿ. ನಿಜವಾದ ನಿಲುವು ಇದು, ಕೋಚ್‌ಗೆ ಗೊತ್ತಿಲ್ಲ ಎಂದು ತೀರ್ಮಾನಿಸಿಬಿಟ್ಟೆ.

ಆ ಹುಡುಗನ ಮನೆಯವರು ಜಾಫ್ನಾದಿಂದ ಬಂದವರು, ಮನೆಮಾತು ತಮಿಳು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲೇ. ಆದರೆ 'ಅಣ್ಣಾ' ಎಂಬ ಒಂದು ಶಬ್ದ ಇಬ್ಬರಿಗೂ ತಾಯಿನುಡಿಯದ್ದು. ಮೊದಲ ವಾರದಿಂದಲೇ ಅವನು ನನ್ನನ್ನು ಹಾಗೆ ಕರೆದ. ಅಭ್ಯಾಸ ಮುಗಿದ ಮೇಲೆ ಕಥೆ ಕೇಳುತ್ತಿದ್ದ. ಡಯಾಕ್ಸಿಪ್ಪಸ್‌ನ ಕಥೆ ಅವನಿಗೆ ಬಲು ಇಷ್ಟ. ಅಲೆಕ್ಸಾಂಡರ್ ಪಂಜಾಬಿನಲ್ಲಿ ಮಲ್ಲೋಯಿ ಜನರೊಂದಿಗಿನ ಯುದ್ಧದ ಗಾಯದಿಂದ ಚೇತರಿಸಿಕೊಂಡಾಗ ನಡೆದ ಔತಣವದು. ಮ್ಯಾಸಿಡೋನಿಯಾದ ಯೋಧ ಕೊರಾಗಸ್ ಕುಡಿದು, ಅಥೆನ್ಸಿನ ಪ್ಯಾಂಕ್ರೇಷನ್ ವೀರ ಡಯಾಕ್ಸಿಪ್ಪಸ್‌ಗೆ ಸವಾಲು ಹಾಕಿದ. ಕೊರಾಗಸ್ ಪೂರ್ತಿ ಕವಚ ತೊಟ್ಟು ಭರ್ಜಿ, ಈಟಿ, ಕತ್ತಿ ಹಿಡಿದು ಬಂದ. ಡಯಾಕ್ಸಿಪ್ಪಸ್ ಬರಿ ಮೈಗೆ ಎಣ್ಣೆ ಹಚ್ಚಿ, ಒಂದು ದೊಣ್ಣೆ ಹಿಡಿದು ನಿಂತ. ಭರ್ಜಿ ಎಸೆದರೆ ಮೈ ಸರಿಸಿಕೊಂಡ, ಉದ್ದ ಈಟಿ ಚಾಚಿದರೆ ದೊಣ್ಣೆಯಿಂದ ಮುರಿದ. ಕತ್ತಿಗೆ ಕೈ ಹಾಕುವಷ್ಟರಲ್ಲಿ ಹಾರಿ ಆ ಕೈಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಅವನನ್ನು ನಿಂತ ನೆಲೆಯಿಂದ ಅಲ್ಲಾಡಿಸಿ, ಕಾಲು ಜಾರಿಸಿ ಕೆಡವಿದ ಎಂದು ಡಯೊಡೋರಸ್ ಬರೆದಿದ್ದಾನೆ. ಗೆದ್ದವನಿಗೆ ಒಳ್ಳೆಯದಾಗಲಿಲ್ಲ. ಮ್ಯಾಸಿಡೋನಿಯಾದವರು ಹೊಟ್ಟೆಕಿಚ್ಚಿನಿಂದ ಚಿನ್ನದ ಬಟ್ಟಲು ಕದ್ದನೆಂದು ಆರೋಪ ಹೊರಿಸಿದರು. ಅವನು ಪ್ರಾಣ ಬಿಟ್ಟ.

ಹುಡುಗ ಕೇಳಿದ: "ಯಾವ ಕಡೆಗೆ ಅಲ್ಲಾಡಿಸಿದ ಅಣ್ಣಾ? ಹಿಂದಕ್ಕೋ, ಪಕ್ಕಕ್ಕೋ?"

"ಅದು ಮುಖ್ಯವಲ್ಲ" ಎಂದೆ.

ಅವನು ಕೇಳಿದ್ದೇ ಮುಖ್ಯವಾದದ್ದು. ಉತ್ತರ ಗೊತ್ತಿಲ್ಲದ್ದಕ್ಕೆ ನಾನು ಆ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿದೆ.

ಇನ್ನೊಂದು ಕ್ಲಬ್ಬಿನವರೊಂದಿಗೆ ಸ್ನೇಹಪಂದ್ಯ ಗೊತ್ತಾಗಿತ್ತು. ಅದರ ಹಿಂದಿನ ಎರಡು ವಾರ ಕೋಚ್ ಬರುವ ಮುಂಚೆ ನಾವಿಬ್ಬರೇ ಬೇಗ ಹೋಗಿ ಅಭ್ಯಾಸ ಮಾಡಿದೆವು. ಮ್ಯಾಟ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಎರಡೂ ಪಾದ ಗೆರೆಯ ಮೇಲಿಡು ಎಂದೆ. "ಪಕ್ಕದಿಂದ ತಳ್ಳಿದರೆ?" ಎಂದದ್ದಕ್ಕೆ ಡೆಮಾಸ್ತನೀಸ್‌ನನ್ನು ಎಳೆದು ತಂದೆ. ಕ್ರಿ.ಪೂ. 351ರಲ್ಲಿ ಫಿಲಿಪ್ಪನ ವಿರುದ್ಧ ಮಾಡಿದ ಭಾಷಣದಲ್ಲಿ ಅವನು ಅಥೆನ್ಸಿನವರನ್ನು ವಿದ್ಯೆ ಕಲಿಯದ ಮುಷ್ಟಿಕಾಳಗದವನಿಗೆ ಹೋಲಿಸುತ್ತಾನೆ. ಅಂಥವನು ಪೆಟ್ಟು ಬಿದ್ದ ಜಾಗವನ್ನೇ ಹಿಡಿದುಕೊಳ್ಳುತ್ತಾನೆ. ಬೇರೆಡೆ ಬಿದ್ದರೆ ಕೈ ಅಲ್ಲಿಗೆ ಓಡುತ್ತದೆ. ಮುಂಚೆಯೇ ಕಾವಲು ಕಟ್ಟಿ ಎದುರಾಳಿಯ ಕಣ್ಣು ನೋಡುವುದು ಗೊತ್ತಿಲ್ಲ. "ಪೆಟ್ಟು ಎಲ್ಲಿಂದ ಬರುತ್ತದೋ ಎಂದು ಚಡಪಡಿಸಬೇಡ, ನಿಲುವನ್ನು ನಂಬು" ಎಂದೆ. ನಂಬಿದ.

ಪಂದ್ಯ ಒಂದು ನಿಮಿಷವೂ ನಡೆಯಲಿಲ್ಲ. ಎದುರಾಳಿ ಎರಡು ಸಲ ಮುಂದೆ ಬಂದು ಹಿಂದೆ ಸರಿದ. ಮೂರನೆಯ ಸಲ ಓರೆಯಾಗಿ ನುಗ್ಗಿ ಹುಡುಗನ ಎಡ ಭುಜವನ್ನು ಅಡ್ಡಕ್ಕೆ ತಳ್ಳಿದ. ದೊಡ್ಡ ಪೆಟ್ಟೇನಲ್ಲ. ಭಾರವೆಲ್ಲ ಹೊತ್ತಿದ್ದ ಬಲಗಾಲು ಮ್ಯಾಟಿಗೆ ಕಚ್ಚಿಕೊಂಡೇ ಇತ್ತು, ಮೈ ಮಾತ್ರ ಅದರ ಮೇಲಿಂದ ಪಕ್ಕಕ್ಕೆ ಹೊರಳಿತು. ಅವನು ಕೂಗಲೂ ಇಲ್ಲ, ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟ. ಲಿಗಮೆಂಟ್ ಹರಿದಿದೆ, ಆಪರೇಷನ್ ಬೇಕು ಎಂದು ಆಮೇಲೆ ತಿಳಿಯಿತು.

ಕೋಚ್ ಆ ಪ್ರಶ್ನೆ ಕೇಳಿದ್ದು ಆಗಲೇ. ಹುಡುಗ ನನ್ನ ಕಡೆ ನೋಡಿದ. ನಾನು ಟವೆಲ್ ಮಡಿಸುತ್ತಿದ್ದೆ. ಆ ಸುಮ್ಮನಿರುವಿಕೆ ಎರಡು ತಿಂಗಳು ನಡೆಯಿತು. ಸೋತೆನೆಂದು ಒಪ್ಪಿಕೊಳ್ಳಬೇಕಾದ ಆಟಗಳಿಗೆ ಸ್ಪಾರ್ಟಾದವರು ಇಳಿಯುತ್ತಿರಲಿಲ್ಲವೆಂದು ಪ್ಲೂಟಾರ್ಕ್ ಬರೆದಿದ್ದಾನೆ; ಬೆರಳೆತ್ತುವುದು ಅವರಿಗೆ ಸಾವಿಗಿಂತ ಕಷ್ಟ. ನಾನು ಸ್ಪಾರ್ಟಾದವನಲ್ಲ, ಆಟಕ್ಕೆ ಇಳಿದೇ ಇದ್ದೆ. ನನ್ನದನ್ನು ಬೇರೊಬ್ಬನ ಕಾಲ ಮೇಲೆ ಆಡಿಸಿದ್ದೆ, ಅಷ್ಟೆ.

ಒಂದು ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಗೆಳೆಯನೊಬ್ಬನಿಗೆ ಹೀಗಾಯಿತು ಎಂದಷ್ಟೇ ಹೇಳಿದೆ. ಅಲ್ಲೂ ನಿಜ ಹೇಳಲಿಲ್ಲ.

"ಕಾಲು ಎಷ್ಟು ಅಗಲ ಇಟ್ಟಿದ್ನಪ್ಪ ಅವ್ನು?"

"ಹಿಂದಿನ ಕಾಲಿಗೂ ಮುಂದಿನ ಕಾಲಿಗೂ ಎರಡಡಿ ಇತ್ತು ದೊಡ್ಡಪ್ಪ."

"ಉದ್ದ ಕೇಳ್ಲಿಲ್ಲ ನಾನು. ಅಗಲ ಕೇಳಿದ್ದು."

ಫೋನಿಟ್ಟ ಮೇಲೆ ಕೋಣೆಯ ಬೀರುವಿನ ಕನ್ನಡಿಗೆ ಪಕ್ಕ ತೋರಿಸಿ ನಿಂತೆ. ಕೊಡದ ಮೇಲಿನವನಂತೆ ಕೈ ಎತ್ತಿ, ಭಾರ ಹಿಂಗಾಲಿಗೆ ಬಿಟ್ಟು, ಎರಡೂ ಪಾದ ಒಂದೇ ಗೆರೆಗೆ. ಕತ್ತು ತಿರುಗಿಸಿ ನೋಡಿದೆ: ಅದೇ ಚಿತ್ರ. ಆಮೇಲೆ ಮುಂಗಾಲನ್ನು ಒಂದು ಗೇಣು ಆಚೆಗೆ, ಕನ್ನಡಿಯಿಂದ ದೂರಕ್ಕೆ ಸರಿಸಿದೆ. ಕನ್ನಡಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಇನ್ನೊಂದು ಗೇಣು. ಆಗಲೂ ಅದೇ ಚಿತ್ರ.

ಪಕ್ಕದಿಂದ ಬರೆದ ಚಿತ್ರದಲ್ಲಿ ಅಗಲ ಇರುವುದಿಲ್ಲ. ಆ ಕಾಲದ ಕಲಾವಿದರು ಎದೆಯನ್ನು ನೋಡುವವರ ಕಡೆ ತಿರುಗಿಸಿ, ಮುಖವನ್ನೂ ಪಾದವನ್ನೂ ಪಕ್ಕದಿಂದ ತೋರಿಸುವ ಪದ್ಧತಿಯವರು. ಎದುರಿನಿಂದ ಕಾಣುವ ಪಾದವನ್ನು ಚಿತ್ರಿಸುವ ಸಾಹಸಕ್ಕೆ ಯೂಫ್ರೋನಿಯಸ್, ಯೂಥಿಮಿಡೀಸ್ ಮುಂತಾದವರು ಕ್ರಿ.ಪೂ. 510ರ ಆಸುಪಾಸಿನಲ್ಲಿ ಆಗಷ್ಟೇ ಕೈ ಹಾಕಿದ್ದರು. ಕೊಡದ ಮೇಲಿನ ಆ ಗೆರೆ, ನೆಲ ಇಲ್ಲಿದೆ ಎಂದು ಕಲಾವಿದ ಇಟ್ಟ ಗುರುತು. ಪಟುವಿನ ಪಾದಗಳ ನಡುವಿನ ಅಗಲವನ್ನು ತೋರಿಸುವ ದಾರಿಯೇ ಆ ಚಿತ್ರಕ್ಕೆ ಇರಲಿಲ್ಲ. ಮನುಷ್ಯನನ್ನು ಎತ್ತಿ ಹಿಡಿಯುವುದು ಆ ಅಗಲವೇ. ನಾನು ಚಿತ್ರದಲ್ಲಿದ್ದದ್ದನ್ನೆಲ್ಲ ಸ್ಕೇಲ್ ಹಿಡಿದು ಅಳೆದೆ. ಇಲ್ಲದ್ದನ್ನು ಸೊನ್ನೆ ಎಂದು ಬರೆದುಕೊಂಡೆ.

ಸಂಕಟವಾದದ್ದು ಇನ್ನೊಂದಕ್ಕೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿ.ಶ. 2ನೆಯ ಶತಮಾನದ ಪಪೈರಸ್ ಚೂರೊಂದರಲ್ಲಿ ಕುಸ್ತಿಯ ಪಾಠ ಉಳಿದಿದೆ. ಉಸ್ತಾದನೊಬ್ಬ ಜೋಡಿಗೆ ಆಜ್ಞೆ ಕೊಡುವ ಧಾಟಿಯದು. ಎದುರಾಳಿಯ ಪಕ್ಕಕ್ಕೆ ಸರಿದು ನಿಲ್ಲುವುದು, ಕಾಲು ಹಾಕುವುದು, ಮತ್ತೆ ಹೆಣೆದುಕೊಳ್ಳುವುದು ಇವೆಲ್ಲ ಅದರಲ್ಲಿವೆ. ಅದನ್ನೂ ನಾನು ಓದಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದೂ ಕೊಂಡಿದ್ದೆ. ಚಿತ್ರದಷ್ಟು ಚೆಂದವಿಲ್ಲವೆಂದು ಬಿಟ್ಟಿದ್ದೆ.

ಮರುದಿನ ಹುಡುಗನ ಮನೆಗೆ ಹೋದೆ. ಆಪರೇಷನ್ ಆಗಿ ಹತ್ತು ದಿನ. ಅವನ ತಾಯಿ ಚಹಾ ಕೊಟ್ಟು, ಓದಿದ ಅಣ್ಣ ಬಂದಿದ್ದಾನೆಂದು ಇನ್ನೊಂದು ದಿಂಬು ತಂದು ಬೆನ್ನಿಗಿಟ್ಟರು. ಆ ದಿಂಬಿಗೆ ಒರಗಲು ನನ್ನಿಂದಾಗಲಿಲ್ಲ. ಕನ್ನಡಿಯ ವಿಷಯ, ಗೆರೆಯ ವಿಷಯ ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ.

"ನೀವೇ ಕಲಿಸಿದ್ದು ಅಂತ ನನಗೆ ಗೊತ್ತಿಲ್ಲವಾ ಅಣ್ಣಾ?" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಕೋಚ್ ಕೇಳಿದಾಗ ನೀವು ಹೇಳ್ತೀರಿ ಅಂತ ಕಾದೆ" ಎಂದ.

ಕೋಚ್ ಅವನಿಗೆ ಆಸ್ಪತ್ರೆಯಲ್ಲೇ ಬೈದಿದ್ದರಂತೆ. ಹೇಳಿಕೊಟ್ಟದ್ದನ್ನು ಕಿವಿಗೆ ಹಾಕಿಕೊಳ್ಳದ ಹುಡುಗನನ್ನು ಮತ್ತೆ ಮ್ಯಾಟಿಗೆ ಇಳಿಸುವುದು ಹೇಗೆ ಎಂದಿದ್ದರಂತೆ. ಇದನ್ನು ಅವನು ದೂರಿನಂತೆ ಹೇಳಲಿಲ್ಲ. ಮೊಣಕಾಲಿನ ತಪ್ಪನ್ನು ನಾನು ಅರಿಯದೆ ಮಾಡಿದೆ ಎಂದುಕೊಳ್ಳಬಹುದಿತ್ತು. ಈ ಎರಡು ತಿಂಗಳ ತಪ್ಪು ಪ್ರತಿದಿನ ಎದ್ದು ಅರಿತೇ ಮಾಡಿದ್ದು. ಅಂದು ಸಂಜೆಯೇ ಕೋಚ್ ಎದುರು ನಿಂತು ಹೇಳಿದೆ. ಅವರು ಕೂಗಾಡಲಿಲ್ಲ. ಜಾಕೆಟ್ ಹಾಕಿಕೊಂಡು, "ಅವನ ಮನೆ ವಿಳಾಸ ಕೊಡು" ಎಂದರು. ನನ್ನೊಂದಿಗೆ ಮತ್ತೆ ಮಾತಾಡಿದ್ದು ಹಲವು ವಾರಗಳ ಮೇಲೆ.

ಹುಡುಗ ಊರುಗೋಲು ಹಿಡಿದು ಕಮಾನಿನ ಕೆಳಗೆ ಬರತೊಡಗಿದ ಮೇಲೆ ಬೆಂಚಿನ ಮೇಲೆ ಕೂತು ಎಲ್ಲರ ಅಭ್ಯಾಸ ನೋಡುತ್ತಿದ್ದ. ಒಂದು ದಿನ ನನ್ನನ್ನು ಕರೆದು ಎದುರಿಗೆ ನಿಲ್ಲಲು ಹೇಳಿದ. ನಿಂತೆ: ಕೈ ಮೇಲೆ, ಅಂಗೈ ಅರ್ಧ ತೆರೆದು, ಭಾರ ಹಿಂಗಾಲಿಗೆ, ಪಾದಗಳ ನಡುವೆ ಭುಜದಷ್ಟು ಅಗಲ. ಅವನು ಕೂತಲ್ಲಿಂದಲೇ ಊರುಗೋಲು ಚಾಚಿ, ಅದರ ರಬ್ಬರ್ ತುದಿಯಿಂದ ನನ್ನ ಎಡ ಭುಜವನ್ನು ಅಡ್ಡಕ್ಕೆ ತಳ್ಳಿದ. ಬಲಗಾಲು ತಾನೇ ಎದ್ದು ಆಚೆ ಹೆಜ್ಜೆ ಇಟ್ಟಿತು.

"ತಡ ಆಯ್ತು" ಎಂದ. "ಇನ್ನೊಂದು ಸಲ ನಿಲ್ಲಿ."