ಆಳವಿಲ್ಲದ ನೀರಿನಲ್ಲಿ ಷಿರೇ

ಇಟಲಿಯ ವಾಯವ್ಯ ಕರಾವಳಿಯಲ್ಲಿ, ಜಿನೋವಾದಿಂದ ಪೀಸಾಕ್ಕೆ ಹೋಗುವ ರೈಲುದಾರಿಯಲ್ಲಿ ಲಾ ಸ್ಪೆಜಿಯಾ ಎಂಬ ಬಂದರು ನಗರ ಸಿಗುತ್ತದೆ. ಇಲ್ಲಿ ಇಳಿಯುವ ಪ್ರವಾಸಿಗರಲ್ಲಿ ಬಹಳ ಮಂದಿ ರೈಲು ಬದಲಿಸಿ ಮುಂದೆ ಹೋಗುವವರೇ. ಪಕ್ಕದ ಚಿಂಕ್ವೆ ತೆರ್ರೆಯ ಐದು ಹಳ್ಳಿಗಳು, ಅಲ್ಲಿನ ಬಣ್ಣಬಣ್ಣದ ಮನೆಗಳು ಅವರನ್ನು ಕರೆಯುತ್ತಿರುತ್ತವೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಕೊಲ್ಲಿ ಬೇರೊಂದು ಕಾರಣಕ್ಕೆ ಪರಿಚಿತ. ಕವಿ ಶೆಲ್ಲಿಯ ಕೊನೆಯ ಮನೆ ಇದರ ಪೂರ್ವ ದಡದಲ್ಲಿತ್ತು. 1822ರ ಜುಲೈನಲ್ಲಿ ಲಿವೋರ್ನೊದಿಂದ ಹಾಯಿದೋಣಿಯಲ್ಲಿ ಇಲ್ಲಿಗೆ ಮರಳುವಾಗಲೇ ಅವನು ಸಮುದ್ರಪಾಲಾದದ್ದು. ಆದರೆ ಲಾ ಸ್ಪೆಜಿಯಾದ ಬದುಕು ನಡೆದುಬಂದಿರುವುದು ಕವಿತೆಯಿಂದಲ್ಲ, ನೌಕಾಪಡೆಯಿಂದ. 1860ರ ದಶಕದಲ್ಲಿ ಇಲ್ಲಿ ಕಟ್ಟಿದ ಬೃಹತ್ ನೌಕಾ ಕಾರ್ಖಾನೆ ಇಂದಿಗೂ ಊರಿನ ಒಂದು ಬದಿಯನ್ನೇ ಆವರಿಸಿಕೊಂಡಿದೆ.

ಆ ಕಾರ್ಖಾನೆಗೆ ಹೊಂದಿಕೊಂಡೇ ನೌಕಾ ವಸ್ತುಸಂಗ್ರಹಾಲಯವಿದೆ. ಹಳೆಯ ಹಾಯಿಹಡಗುಗಳ ಮೂತಿಯಲ್ಲಿ ಕೂರಿಸುತ್ತಿದ್ದ ಮರದ ಬೊಂಬೆಗಳಿಗೆ ಅದು ಹೆಸರುವಾಸಿ. ಬೊಂಬೆಗಳನ್ನು ನೋಡಿ ಮುಗಿಸಿದವರು ಇನ್ನೊಂದು ವಸ್ತುವನ್ನೂ ತಪ್ಪದೆ ನೋಡಬೇಕು. ಸುಮಾರು ಏಳು ಮೀಟರ್ ಉದ್ದದ, ಒಂದು ಟಾರ್ಪೆಡೊ. ಅದರ ಬೆನ್ನ ಮೇಲೆ ಮೋಟಾರ್ ಸೈಕಲ್ಲಿನಂತೆ ಒಬ್ಬರ ಹಿಂದೊಬ್ಬರು ಕೂರಲು ಎರಡು ಆಸನ! ಇಟಲಿಯ ನಾವಿಕರು ಇದನ್ನು ‘ಮಯಾಲೆ’ ಎಂದು ಕರೆಯುತ್ತಿದ್ದರು. ಹಾಗೆಂದರೆ ಹಂದಿ. ಹೇಳಿದ ಮಾತು ಕೇಳದ ಯಂತ್ರಕ್ಕೆ ಬೇಸತ್ತು ಇಟ್ಟ ಹೆಸರು ಅದು.

ಈ ಹಂದಿಗಳನ್ನು ಹೊತ್ತು ಶತ್ರುವಿನ ಬಾಗಿಲಿಗೆ ಮುಟ್ಟಿಸಿದ ಜಲಾಂತರ್ಗಾಮಿಯ ಹೆಸರು ‘ಷಿರೇ’. ಅದು ಹುಟ್ಟಿದ್ದೂ ಇದೇ ಕೊಲ್ಲಿಯಲ್ಲಿ. ಪೂರ್ವ ದಡದ ಮುಜ್ಜಾನೊ ಹಡಗುಕಟ್ಟೆಯಲ್ಲಿ 1938ರ ಜನವರಿಯಲ್ಲಿ ನೀರಿಗಿಳಿಯಿತು. ಹೆಸರು ಮಾತ್ರ ಇಟಲಿಯದಲ್ಲ, ಮುಸೊಲಿನಿಯ ಸೇನೆ ಆಗಷ್ಟೇ ಆಕ್ರಮಿಸಿದ್ದ ಇಥಿಯೋಪಿಯಾದ ಒಂದು ಸೀಮೆಯದು. ಗೆದ್ದ ನೆಲದ ಹೆಸರನ್ನು ಹಡಗುಗಳಿಗೆ ಇಡುವುದು ಅಂದಿನ ಸರ್ಕಾರದ ಅಹಂಕಾರವಾಗಿತ್ತು.

ಷಿರೇ ದೊಡ್ಡ ಜಲಾಂತರ್ಗಾಮಿಯೇನಲ್ಲ. ಉದ್ದ 60 ಮೀಟರ್, ನೀರಿನ ಮೇಲೆ ತೇಲುವಾಗ 700 ಟನ್ನಿಗೆ ಸ್ವಲ್ಪ ಕಡಿಮೆ ತೂಕ. ಮೇಲೆ ಡೀಸೆಲ್ ಎಂಜಿನ್ನಿನಿಂದ 14 ನಾಟ್ ವೇಗ. ಮುಳುಗಿದಾಗ ಬ್ಯಾಟರಿಯ ಬಲದಿಂದ ಅದರ ಅರ್ಧದಷ್ಟು. 80 ಮೀಟರ್ ಆಳದವರೆಗೆ ಹೋಗುವಂತೆ ಅದನ್ನು ಕಟ್ಟಿದ್ದರು. ಹತ್ತು ಮೀಟರ್ ಇಳಿದರೆ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ ಎಂಬುದು ಹೈಸ್ಕೂಲು ಪಾಠ. ಲೆಕ್ಕ ಹಾಕಿದರೆ 80 ಮೀಟರ್ ಆಳದಲ್ಲಿ ಹಡಗಿನ ಮೈಯ ಪ್ರತಿ ಚದರ ಮೀಟರಿನ ಮೇಲೂ ನೀರು ಸುಮಾರು 80 ಟನ್ ಭಾರ ಹೇರುತ್ತದೆ. ಅದನ್ನು ತಾಳುವ ಉಕ್ಕಿನ ಒಡಲು ಷಿರೇಗೆ ಇತ್ತು. ವಿಚಿತ್ರವೆಂದರೆ ಅದರ ಕೀರ್ತಿಗೂ ಸಾವಿಗೂ ಈ ಆಳಕ್ಕೂ ಸಂಬಂಧವೇ ಇಲ್ಲ. ಅದು ಸಾಹಸ ಮಾಡಿದ್ದೂ ಆಳವಿಲ್ಲದ ನೀರಿನಲ್ಲಿ, ಸತ್ತದ್ದೂ ಆಳವಿಲ್ಲದ ನೀರಿನಲ್ಲಿ.

ಇಟಲಿ 1940ರ ಜೂನ್ 10ರಂದು ಯುದ್ಧಕ್ಕೆ ಇಳಿಯಿತು. ಮರುತಿಂಗಳು ಷಿರೇ ಒಂದು ಸಣ್ಣ ಫ್ರೆಂಚ್ ಸರಕುಹಡಗನ್ನು ಮುಳುಗಿಸಿತು. ಟಾರ್ಪೆಡೊ ಹಾರಿಸಿ ಅದು ಮಾಡಿದ ಹೆಸರಾಂತ ಕೆಲಸ ಅದೊಂದೇ. ಆಮೇಲೆ ಅದರ ರೂಪವೇ ಬದಲಾಯಿತು. ಮೇಲಿದ್ದ ಫಿರಂಗಿಯನ್ನು ಕಿತ್ತು, ಗೋಪುರದ ಮುಂದೆ ಒಂದು, ಹಿಂದೆ ಎರಡು, ಹೀಗೆ ಮೂರು ಉಕ್ಕಿನ ಕೊಳವೆಪೆಟ್ಟಿಗೆಗಳನ್ನು ಕೂರಿಸಿದರು. ಒಂದೊಂದರಲ್ಲೂ ಒಂದು ಮಯಾಲೆ. ಇದೇ ಕೆಲಸಕ್ಕೆ ಮೊದಲು ಆರಿಸಿದ್ದ ಇರಿಡೆ ಮತ್ತು ಗೊಂಡರ್ ಎಂಬ ಎರಡು ಜಲಾಂತರ್ಗಾಮಿಗಳು ಆ ವರ್ಷದ ಆಗಸ್ಟ್, ಸೆಪ್ಟೆಂಬರುಗಳಲ್ಲಿ ಗುರಿ ಮುಟ್ಟುವ ಮೊದಲೇ ಮುಳುಗಿಹೋಗಿದ್ದವು.

ಷಿರೇಯ ಕಮಾಂಡರ್ ಆಗಿ ಬಂದವನು ರೋಮಿನ ರಾಜಮನೆತನದ ಯುನಿಯೊ ವಲೇರಿಯೊ ಬೋರ್ಗೇಸೆ. ಹಡಗು ನಡೆಸುವುದರಲ್ಲಿ ಗಟ್ಟಿಗ, ಮನುಷ್ಯನಾಗಿ ಮೆಚ್ಚಬೇಕಾದವನಲ್ಲ. 1943ರ ನಂತರ ಅವನು ಫ್ಯಾಸಿಸ್ಟರ ಪರ ನಿಂತು ತನ್ನದೇ ದೇಶದ ಹೋರಾಟಗಾರರ ಮೇಲೆ ಪಡೆ ನಡೆಸಿದ, ಯುದ್ಧ ಮುಗಿದ ಮೇಲೆ ಶಿಕ್ಷೆಗೊಳಗಾದ, 1970ರಲ್ಲಿ ಸರ್ಕಾರ ಉರುಳಿಸುವ ಸಂಚಿನಲ್ಲಿ ಸಿಕ್ಕಿ ಸ್ಪೇನಿಗೆ ಓಡಿಹೋದ. ಷಿರೇಯ ಕಥೆ ಹೇಳುವವರು ಈ ಭಾಗವನ್ನು ನುಂಗಿಬಿಡುವುದುಂಟು.

ಮೊದಲ ಗುರಿ ಬ್ರಿಟಿಷರ ಜಿಬ್ರಾಲ್ಟರ್. ಇಲ್ಲಿ ಸಮುದ್ರವೇ ಒಂದು ಪ್ರಯೋಗಶಾಲೆ. ಮೆಡಿಟರೇನಿಯನ್ನಿನಿಂದ ಬಿಸಿಲಿಗೆ ಆವಿಯಾಗುವ ನೀರು, ನದಿಗಳೂ ಮಳೆಯೂ ತರುವ ನೀರಿಗಿಂತ ಹೆಚ್ಚು. ಹಾಗಾಗಿ ಅದರ ನೀರು ಅಟ್ಲಾಂಟಿಕ್ ನೀರಿಗಿಂತ ಉಪ್ಪು, ಸಾಂದ್ರತೆಯೂ ಹೆಚ್ಚು. ಜಲಸಂಧಿಯಲ್ಲಿ ಅಟ್ಲಾಂಟಿಕ್ ನೀರು ಮೇಲ್ಪದರದಲ್ಲಿ ಒಳನುಗ್ಗಿದರೆ, ಭಾರವಾದ ಮೆಡಿಟರೇನಿಯನ್ ನೀರು ಅದರ ಕೆಳಗೆ ಹೊರಹರಿಯುತ್ತದೆ. ಒಂದೇ ಜಾಗದಲ್ಲಿ ಎದುರುಬದುರು ಹರಿಯುವ ಎರಡು ನದಿಗಳಿದ್ದಂತೆ. ಮುಳುಗಿದ ಜಲಾಂತರ್ಗಾಮಿ ಒಂದು ನೀರಿನಿಂದ ಇನ್ನೊಂದಕ್ಕೆ ಬಂದರೆ ಆರ್ಕಿಮಿಡೀಸನ ನಿಯಮ ತಕ್ಷಣ ಲೆಕ್ಕ ಕೇಳುತ್ತದೆ. ಷಿರೇ ಗಾತ್ರದ ಹಡಗಿಗೆ ತೇಲುವ ಬಲದಲ್ಲಿ ಒಂದು ಟನ್ನಿಗೂ ಹೆಚ್ಚು ವ್ಯತ್ಯಾಸ. ತೊಟ್ಟಿಗಳಿಗೆ ನೀರು ತುಂಬುವುದೋ ಹೊರಹಾಕುವುದೋ ಕೂಡಲೇ ಆಗಬೇಕು. ಅಂಥ ಕಡೆಗೆ ಷಿರೇ ನಾಲ್ಕು ಸಲ ಹೋಯಿತು. ಮೊದಲ ಮೂರು ಸಲ ಫಲ ಸಿಗಲಿಲ್ಲ. 1941ರ ಸೆಪ್ಟೆಂಬರಿನಲ್ಲಿ ಮಾತ್ರ ಅದು ಬಿಟ್ಟ ಸವಾರರು ಮೂರು ಹಡಗುಗಳ ಕೆಳಗೆ ಬಾಂಬು ಸಿಡಿಸಿದರು.

ಮೂರು ತಿಂಗಳ ನಂತರದ ಯಾನ ಮೆಡಿಟರೇನಿಯನ್ನಿನ ಇನ್ನೊಂದು ತುದಿಗೆ, ಈಜಿಪ್ಟಿನ ಅಲೆಗ್ಸಾಂಡ್ರಿಯಾಕ್ಕೆ. ಇಂದು ಅಲ್ಲಿಗೆ ಹೋಗುವ ಪ್ರವಾಸಿಗರು ಪೂರ್ವ ಬಂದರಿನ ಬಾಗಿದ ದಡದಲ್ಲಿ ಅಡ್ಡಾಡುತ್ತಾರೆ, ಪ್ರಾಚೀನ ದೀಪಸ್ತಂಭವಿದ್ದ ಜಾಗದಲ್ಲಿ ನಿಂತ ಕಾಯ್ಟ್‌ಬೇ ಕೋಟೆ ನೋಡುತ್ತಾರೆ. ಷಿರೇಯ ಕಥೆ ನಡೆದದ್ದು ಅದರ ಬೆನ್ನಿಗಿರುವ ಪಶ್ಚಿಮ ಬಂದರಿನಲ್ಲಿ, ರಾಸ್ ಎಲ್ ತೀನ್ ಅರಮನೆಯ ಬದಿಗೆ. 1941ರ ನವೆಂಬರಿನಲ್ಲಿ ಬ್ರಿಟಿಷರು ಆರ್ಕ್ ರಾಯಲ್ ಎಂಬ ವಿಮಾನವಾಹಕ ನೌಕೆಯನ್ನೂ ಬಾರ್ಹ್ಯಾಮ್ ಎಂಬ ದೊಡ್ಡ ಸಮರನೌಕೆಯನ್ನೂ ಕಳೆದುಕೊಂಡಿದ್ದರು. ಪೂರ್ವ ಮೆಡಿಟರೇನಿಯನ್ನಿನಲ್ಲಿ ಅವರಿಗೆ ಉಳಿದಿದ್ದ ಎರಡೇ ಸಮರನೌಕೆಗಳಾದ ಕ್ವೀನ್ ಎಲಿಜಬೆತ್ ಮತ್ತು ವ್ಯಾಲಿಯಂಟ್ ಇಲ್ಲಿ ಲಂಗರು ಹಾಕಿದ್ದವು.

ಡಿಸೆಂಬರ್ 3ರಂದು ಲಾ ಸ್ಪೆಜಿಯಾ ಬಿಟ್ಟ ಷಿರೇ, ಲೆರೋಸ್ ದ್ವೀಪದಲ್ಲಿ ಆರು ಮಂದಿ ಸವಾರರನ್ನು ಹತ್ತಿಸಿಕೊಂಡು, 18ರ ಸಂಜೆ ಬಂದರಿನ ದೀಪಸ್ತಂಭದಿಂದ ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರದಲ್ಲಿ ತಲುಪಿತು. ಅಲ್ಲಿ ನೀರಿನ ಆಳ ಕೇವಲ 15 ಮೀಟರ್. ಮೆಡಿಟರೇನಿಯನ್ ನೀರು ಎಷ್ಟು ತಿಳಿಯೆಂದರೆ, ಹಗಲಿನಲ್ಲಿ ವಿಮಾನದಿಂದ ನೋಡಿದರೆ ಇಂಥ ಕಡೆ ಜಲಾಂತರ್ಗಾಮಿಯ ನೆರಳೇ ಕಾಣುತ್ತದೆ. ಕತ್ತಲು ಕವಿದ ಮೇಲೆ ಸವಾರರು ಹೊರಬಂದು, ಪೆಟ್ಟಿಗೆಗಳಿಂದ ಮೂರು ಮಯಾಲೆಗಳನ್ನು ಎಳೆದುಕೊಂಡು ಹೊರಟರು. ಷಿರೇ ಸದ್ದಿಲ್ಲದೆ ಹಿಂದಿರುಗಿತು. ಸವಾರರು ಮರಳಿ ಬಂದು ಹತ್ತುತ್ತಾರೆಂಬ ಏರ್ಪಾಡೇ ಇರಲಿಲ್ಲ.

ಈ ಸವಾರರು ಉಸಿರಾಡುತ್ತಿದ್ದುದು ಶುದ್ಧ ಆಮ್ಲಜನಕ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಸೋಡಾಸುಣ್ಣ ಹೀರಿಕೊಂಡು, ಉಳಿದ ಆಮ್ಲಜನಕ ಮತ್ತೆ ಚೀಲಕ್ಕೆ ಸೇರುತ್ತಿತ್ತು. ಗುಳ್ಳೆ ಏಳುವುದಿಲ್ಲ, ಮೇಲಿನ ಕಾವಲುಗಾರನಿಗೆ ಸುಳಿವು ಸಿಗುವುದಿಲ್ಲ. ಆದರೆ ಜೀವ ಉಳಿಸುವ ಇದೇ ಅನಿಲ ಆರೇಳು ಮೀಟರಿಗಿಂತ ಕೆಳಗೆ, ಒತ್ತಡ ಹೆಚ್ಚಿದಂತೆ, ನರಮಂಡಲಕ್ಕೆ ವಿಷವಾಗತೊಡಗುತ್ತದೆ. ಸೆಳವು ಬಂದು ಪ್ರಜ್ಞೆ ತಪ್ಪಬಹುದು.

ಬಂದರಿನ ಬಾಯಿಗೆ ಉಕ್ಕಿನ ಬಲೆ ಇತ್ತು. ಅದೃಷ್ಟಕ್ಕೆ ಮೂರು ಬ್ರಿಟಿಷ್ ಡಿಸ್ಟ್ರಾಯರುಗಳು ಒಳಬರಲೆಂದು ಅದು ತೆರೆಯಿತು. ಮಯಾಲೆಗಳು ಅವುಗಳ ಹಿಂದೆಯೇ ನುಸುಳಿದವು. ಅಂತೋನಿಯೊ ಮಾರ್ಚೇಲಿಯ ಮತ್ತು ಸ್ಪಾರ್ತಾಕೊ ಸ್ಕೆರ್ಗಾಟ್ ಜೋಡಿ ಕ್ವೀನ್ ಎಲಿಜಬೆತ್‌ನ ತಳದ ಎರಡೂ ಬದಿಯ ಅಂಚುಗಳ ನಡುವೆ ಹಗ್ಗ ಕಟ್ಟಿ, ಸಿಡಿತಲೆಯನ್ನು ಅದಕ್ಕೆ ತೂಗುಹಾಕಿತು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಸ್ಫೋಟದ ಬಲವೆಲ್ಲ ನೇರ ಹಡಗಿನ ತಳಕ್ಕೆ ಬಡಿಯುತ್ತದೆ. ವಿನ್ಚೆಂಜೊ ಮಾರ್ತೆಲ್ಲೋತ್ತಾ ಮತ್ತು ಮಾರಿಯೊ ಮಾರಿನೊ ಸಗೋನಾ ಎಂಬ ತೈಲವಾಹಕ ಹಡಗಿಗೆ ಬಾಂಬು ಕಟ್ಟಿದರು.

ಲುಯಿಜಿ ಡುರಾಂಡ್ ಡೆ ಲಾ ಪೆನ್ನೆಯ ಪಾಡು ಮಾತ್ರ ಕಷ್ಟದ್ದು. ವ್ಯಾಲಿಯಂಟ್ ಸಮೀಪಿಸುವಾಗ ಅವನ ಮಯಾಲೆ ಕೆಟ್ಟು ತಳ ಸೇರಿತು. ಜೊತೆಗಾರ ಎಮಿಲಿಯೊ ಬಿಯಾಂಕಿ ಉಸಿರು ಕಟ್ಟಿ ಮೇಲಕ್ಕೆ ಹೋಗಬೇಕಾಯಿತು. ಡಿಸೆಂಬರಿನ ತಣ್ಣೀರು, ಎದ್ದ ಕೆಸರಿನಲ್ಲಿ ಏನೂ ಕಾಣದ ಕತ್ತಲು. ಆಮ್ಲಜನಕ ವಿಷವಾಗುವ ಆ ಆಳದಲ್ಲಿ ಅವನೊಬ್ಬನೇ ಯಂತ್ರವನ್ನು ಅಂಗುಲ ಅಂಗುಲವಾಗಿ ಎಳೆದು ಹಡಗಿನ ಅಡಿಗೆ ತಂದು, ಗಡಿಯಾರ ತಿರುಗಿಸಿ ಮೇಲೆ ಬಂದ. ಇಬ್ಬರೂ ಲಂಗರಿನ ತೇಲುಗುಂಡಿನ ಮೇಲೆ ಸೆರೆಸಿಕ್ಕರು. ಎಲ್ಲಿಟ್ಟಿದ್ದೀರಿ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಬ್ರಿಟಿಷರು ಅವರನ್ನು ಹಡಗಿನ ಕೆಳ ಅಂತಸ್ತಿನ ಕೋಣೆಗೆ ದೂಡಿದರು. ಬಾಂಬಿಗೆ ಆದಷ್ಟು ಹತ್ತಿರವಿದ್ದರೆ ಹೆದರಿ ಹೇಳಿಯಾರು ಎಂಬ ಲೆಕ್ಕ.

ಸ್ಫೋಟಕ್ಕೆ ಕೆಲವೇ ನಿಮಿಷ ಉಳಿದಾಗ ಡೆ ಲಾ ಪೆನ್ನೆ ಕ್ಯಾಪ್ಟನ್ ಚಾರ್ಲ್ಸ್ ಮಾರ್ಗನ್‌ನನ್ನು ಕಾಣಬೇಕೆಂದ. ಹಡಗು ಸಿಡಿಯಲಿದೆ, ನಿಮ್ಮ ಜನರನ್ನು ಉಳಿಸಿಕೊಳ್ಳಿ ಎಂದು ತಿಳಿಸಿದ. ಬಾಂಬಿನ ಜಾಗ ಮಾತ್ರ ಹೇಳಲಿಲ್ಲ. ಮಾರ್ಗನ್ ತನ್ನ ನಾವಿಕರನ್ನು ಮೇಲಕ್ಕೆ ಕರೆಸಿದ; ಕೈದಿಯನ್ನು ಮತ್ತೆ ಕೆಳಕ್ಕೇ ಕಳಿಸಿದ! 1918ರಲ್ಲಿ ಪೋಲಾ ಬಂದರಿನಲ್ಲೂ ಇಬ್ಬರು ಇಟಾಲಿಯನ್ನರು ಹೀಗೆಯೇ ಬಾಂಬು ಕಟ್ಟಿ ಸೆರೆಸಿಕ್ಕು ಹಡಗಿನವರನ್ನು ಎಚ್ಚರಿಸಿದ್ದರು. ಕೊಲ್ಲಲು ಬಂದವನೇ ಎಚ್ಚರಿಕೆ ಕೊಡುವುದಕ್ಕೆ ಕರುಣೆ ಎನ್ನಬೇಕೋ, ನಾವಿಕರ ನಡುವಣ ಮರ್ಯಾದೆ ಎನ್ನಬೇಕೋ ಓದುಗರೇ ತೀರ್ಮಾನಿಸಲಿ. 19ರ ಬೆಳಿಗ್ಗೆ ಆರರ ಹೊತ್ತಿಗೆ ಸ್ಫೋಟಗಳಾದವು. ಡೆ ಲಾ ಪೆನ್ನೆ, ಬಿಯಾಂಕಿ ಇಬ್ಬರೂ ಬದುಕಿದರು.

ಎರಡೂ ಸಮರನೌಕೆಗಳು ತಳಕ್ಕೆ ಕುಳಿತವು. ಆದರೆ ಬಂದರು ಆಳವಿಲ್ಲದ್ದರಿಂದ ಅವುಗಳ ಮೇಲ್ಭಾಗ ನೀರಿನ ಹೊರಗೇ ಉಳಿಯಿತು. ಬ್ರಿಟಿಷರು ಇದನ್ನೇ ಗುರಾಣಿ ಮಾಡಿಕೊಂಡರು. ಅಡ್ಮಿರಲ್ ಕನಿಂಗ್‌ಹ್ಯಾಮ್ ಕ್ವೀನ್ ಎಲಿಜಬೆತ್‌ನಲ್ಲೇ ಉಳಿದರು, ದಿನದ ಧ್ವಜವಂದನೆಯೂ ತಪ್ಪಲಿಲ್ಲ. ದೂರದಿಂದ ನೋಡಿದವರಿಗೆ ಹಡಗುಗಳು ತೇಲುತ್ತಲೇ ಇದ್ದಂತೆ ಕಂಡಿತು, ಇಟಲಿಯವರು ಗೆಲುವನ್ನು ಬಳಸಿಕೊಳ್ಳಲಾಗಲಿಲ್ಲ. ಆಳ ಕಡಿಮೆ ಇದ್ದುದರಿಂದಲೇ ಹಡಗುಗಳನ್ನು ಮೇಲೆತ್ತಿ ರಿಪೇರಿ ಮಾಡುವುದೂ ಸಾಧ್ಯವಾಯಿತು.

ಮಾರ್ಚೇಲಿಯ, ಸ್ಕೆರ್ಗಾಟ್ ದಡ ಸೇರಿ ರೊಸೆಟ್ಟಾ ಊರಿನವರೆಗೂ ತಲುಪಿದ್ದರು. ಪ್ರಾಚೀನ ಈಜಿಪ್ಟಿನ ಲಿಪಿಯ ಗುಟ್ಟು ಬಿಡಿಸಿದ ಕಲ್ಲು ಸಿಕ್ಕಿದ ಅದೇ ಊರು. ಅವರ ಜೇಬಿಗೆ ಅಧಿಕಾರಿಗಳು ತುಂಬಿಸಿದ್ದ ಇಂಗ್ಲಿಷ್ ಪೌಂಡ್ ನೋಟುಗಳು ಈಜಿಪ್ಟಿನಲ್ಲಿ ಚಲಾವಣೆಯಲ್ಲೇ ಇರಲಿಲ್ಲ. ಎಲ್ಲವನ್ನೂ ಲೆಕ್ಕ ಹಾಕಿದ್ದ ಯೋಜನೆ ಇಂಥ ಚಿಲ್ಲರೆ ವಿಷಯದಲ್ಲಿ ಎಡವಿತು. ಆರು ಮಂದಿಯೂ ಸೆರೆಯಾದರು. ಡೆ ಲಾ ಪೆನ್ನೆ ಸೆರೆವಾಸ ಕಳೆದದ್ದು ಭಾರತದಲ್ಲಿ. ಇಟಲಿ ಪಕ್ಷ ಬದಲಿಸಿದ ಮೇಲೆ, 1945ರ ಮಾರ್ಚ್‌ನಲ್ಲಿ ತಾರಾಂತೊದಲ್ಲಿ ಅವನಿಗೆ ಚಿನ್ನದ ಪದಕ ಕೊಡುವಾಗ ಯುವರಾಜ ಉಂಬೆರ್ತೊ ಅದನ್ನು ತೊಡಿಸಲು ಒಬ್ಬ ಅತಿಥಿಯನ್ನು ಕರೆದ. ಆ ಅತಿಥಿ ಚಾರ್ಲ್ಸ್ ಮಾರ್ಗನ್.

ಷಿರೇಗೆ ಉಳಿದಿದ್ದು ಇನ್ನು ಎಂಟು ತಿಂಗಳು. ಅದರ ಕೊನೆಯ ಗುರಿ ಪ್ಯಾಲೆಸ್ತೀನಿನ ಹೈಫಾ, ಇಂದು ಇಸ್ರೇಲಿನಲ್ಲಿದೆ. ಈ ಊರಿಗೂ ಮೈಸೂರಿಗೂ ನಂಟುಂಟು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಕುದುರೆಪಡೆಯೊಂದಿಗೆ ಮೈಸೂರು ಲ್ಯಾನ್ಸರ್ಸ್ ಸವಾರರು ಹೈಫಾವನ್ನು ತುರ್ಕರಿಂದ ಬಿಡಿಸಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ಹಿಡಿಯಿತು. ಅವರ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. 1942ರಲ್ಲಿ ಹೈಫಾ ಮುಖ್ಯವಾದದ್ದು ತೈಲದಿಂದಾಗಿ. ಇರಾಕಿನ ಕಿರ್ಕುಕ್‌ನಿಂದ ಬಂದ ಕೊಳವೆಮಾರ್ಗ ಇಲ್ಲಿ ಮುಗಿಯುತ್ತಿತ್ತು.

ಬೋರ್ಗೇಸೆ ಅಷ್ಟರಲ್ಲಿ ಬೇರೆ ಹುದ್ದೆಗೆ ಹೋಗಿದ್ದ. ಹೊಸ ಕಮಾಂಡರ್ ಬ್ರೂನೊ ಜೆಲಿಕ್ ಆಗಸ್ಟ್ 10ರಂದು ಷಿರೇಯನ್ನು ಹೈಫಾ ಕೊಲ್ಲಿಗೆ ತಂದ. ಆದರೆ ಗುಪ್ತಲಿಪಿ ಒಡೆದಿದ್ದ ಬ್ರಿಟಿಷರಿಗೆ ಅದು ಬರುವ ಸುದ್ದಿ ಮೊದಲೇ ಸಿಕ್ಕಿತ್ತು. ಐಲೆ ಎಂಬ ಕಾವಲುಹಡಗು ಅದನ್ನು ಪತ್ತೆಹಚ್ಚಿ ನೀರೊಳಗೆ ಸಿಡಿಯುವ ಬಾಂಬುಗಳನ್ನು ಕೆಡವಿತು. 80 ಮೀಟರ್ ಇಳಿಯಬಲ್ಲ ಹಡಗಿಗೆ ಅಲ್ಲಿ ಸಿಕ್ಕಿದ್ದು 30 ಮೀಟರ್ ಚಿಲ್ಲರೆ ನೀರು. ಆಳಕ್ಕೆ ಜಾರಿ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಒಳಗಿದ್ದ 60 ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಷಿರೇಯ ಮಾದರಿಯಲ್ಲಿ ಇಟಲಿ ಕಟ್ಟಿದ್ದ 17 ಜಲಾಂತರ್ಗಾಮಿಗಳಲ್ಲಿ ಯುದ್ಧದ ಕೊನೆಗೆ ಉಳಿದದ್ದೇ ಒಂದು.

ಕಾರ್ಮೆಲ್ ಬೆಟ್ಟದ ಮೇಲೆ ನಿಂತರೆ ಇಡೀ ಕೊಲ್ಲಿ ಕಾಣುತ್ತದೆ. ಷಿರೇ ಮಲಗಿರುವುದು ದಡದಿಂದಾಚೆ, ಸುಮಾರು 33 ಮೀಟರ್ ಆಳದಲ್ಲಿ. ನುರಿತ ಮುಳುಗುಗಾರರು ಅಲ್ಲಿಗೆ ಇಳಿಯುತ್ತಾರೆ. ಅಲ್ಲಿನ ಒತ್ತಡ ನಾಲ್ಕು ವಾಯುಮಂಡಲಕ್ಕೂ ಹೆಚ್ಚು; ಹೆಚ್ಚು ಹೊತ್ತು ನಿಲ್ಲುವಂತಿಲ್ಲ. 1984ರಲ್ಲಿ ಇಟಲಿಯ ನೌಕಾಪಡೆ 42 ಮಂದಿಯ ಅವಶೇಷಗಳನ್ನು ಮೇಲೆತ್ತಿ ತಾಯ್ನಾಡಿಗೆ ಒಯ್ದು, ಬಾರಿ ನಗರದ ಸೈನಿಕ ಸ್ಮಾರಕದಲ್ಲಿ ಇರಿಸಿತು. ಹಡಗಿನ ಮುಂಭಾಗದ ಒಂದು ತುಂಡನ್ನೂ ಅವರು ಜೊತೆಗೆ ಕೊಂಡೊಯ್ದರು. ಉಳಿದದ್ದು ಅಲ್ಲೇ ಇದೆ.

2004ರಲ್ಲಿ ಮುಜ್ಜಾನೊ ಹಡಗುಕಟ್ಟೆಯಿಂದ ಇನ್ನೊಂದು ಜಲಾಂತರ್ಗಾಮಿ ನೀರಿಗಿಳಿಯಿತು. ಅದು ಮುಳುಗಿದ್ದಾಗ ಜಲಜನಕ ಮತ್ತು ಆಮ್ಲಜನಕವನ್ನು ಕೂಡಿಸಿ ವಿದ್ಯುತ್ ಪಡೆಯುತ್ತದೆ, ವಾರಗಟ್ಟಲೆ ಮೇಲೇಳದೆ ಇರಬಲ್ಲದು. ಅದಕ್ಕೂ ಷಿರೇ ಎಂದೇ ಹೆಸರಿಟ್ಟಿದ್ದಾರೆ.